ಗಾಳಿ ನಿಲ್ಲದ ಶನಿವಾರ

ನಾನು ಸ್ಕೈಡೈವರ್. ವಿಮಾನದಿಂದ ಜಿಗಿಯುವ ನಮ್ಮ ಬೆನ್ನ ಮೇಲೆ ಎರಡು ಪ್ಯಾರಾಚೂಟ್ ಇರುತ್ತವೆ: ಪ್ರತಿ ಸಲ ಬಳಸುವ ಮೇನ್, ಅದು ಕೈಕೊಟ್ಟರೆ ತೆರೆಯುವ ರಿಸರ್ವ್. ನನ್ನ ರಿಸರ್ವ್ ಪ್ಯಾರಾಚೂಟಿನ ಗಡುವು ಮುಗಿಯುತ್ತಾ ಬಂದಿತ್ತು. ಅಮೆರಿಕದಲ್ಲಿ ಇದಕ್ಕೊಂದು ನಿಯಮ ಇದೆ. ನೀವು ಬಳಸಿ, ಬಿಡಿ, 180 ದಿನಕ್ಕೊಮ್ಮೆ ರಿಸರ್ವನ್ನು ಹೊರಗೆ ತೆಗೆದು, ಪರೀಕ್ಷೆ ಮಾಡಿ, ಮತ್ತೆ ಮಡಚಿ ಸೀಲ್ ಹಾಕಿಸಬೇಕು. ಮೇನ್ ಪ್ಯಾರಾಚೂಟನ್ನು ನಾವೇ ಮಡಚಿಕೊಳ್ಳಬಹುದು. ರಿಸರ್ವ್ ಮಾತ್ರ ರಿಗ್ಗರ್, ಅಂದರೆ ಪ್ಯಾರಾಚೂಟ್ ಮಡಚಿ ಪರೀಕ್ಷಿಸಲು ಲೈಸೆನ್ಸ್ ಇರುವವರ ಕೈಯಲ್ಲೇ ಆಗಬೇಕು. ಹಾಗಾಗಿ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ರಿಗ್ಗನ್ನು, ಅಂದರೆ ಎರಡೂ ಪ್ಯಾರಾಚೂಟ್ ಇರುವ ಬೆನ್ನುಚೀಲವನ್ನು, ಕಾರಿಗೆ ಹಾಕಿಕೊಂಡು ಎಲೋಯ್ ಕಡೆ ಹೊರಟೆ. ಅರಿಜೋನಾದಲ್ಲಿ ಫೀನಿಕ್ಸ್‌ಗೂ ಟೂಸಾನ್‌ಗೂ ನಡುವೆ ಇರುವ ಸಣ್ಣ ಊರು ಅದು. ಸುತ್ತ ಹತ್ತಿ ಹೊಲ, ಅದರಾಚೆ ಮರುಭೂಮಿ. ಬೇರೆ ಕಡೆ ಹಿಮ ಬೀಳುವ ಹೊತ್ತಿಗೆ ಎಲ್ಲೆಲ್ಲಿಂದಲೋ ಸ್ಕೈಡೈವರ್‌ಗಳು ಇಲ್ಲಿಗೆ ಬಂದು ಸೇರುತ್ತಾರೆ.

ಜೊತೆಗೆ ಅಕ್ಕನ ಮಗ ಇದ್ದ. ಹಾಸನದ ಹುಡುಗ, ಫೀನಿಕ್ಸ್ ಪಕ್ಕದ ಟೆಂಪೆಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಬಂದಾಗಿನಿಂದ "ಮಾವ, ನಾನೂ ಹಾರಬೇಕು" ಅಂತ ತಲೆ ತಿಂದಿದ್ದ. ಚಿಕ್ಕವನಿದ್ದಾಗ ಯಲಹಂಕದ ಏರ್ ಶೋನಲ್ಲಿ ವಾಯುಪಡೆಯ ಆಕಾಶ್ ಗಂಗಾ ತಂಡದವರು ತ್ರಿವರ್ಣದ ಪ್ಯಾರಾಚೂಟ್‌ಗಳಲ್ಲಿ ಇಳಿದಿದ್ದನ್ನು ನೋಡಿದ್ದನಂತೆ. ಮೈಸೂರಿನಲ್ಲಿ ಸ್ಕೈಡೈವಿಂಗ್ ಕ್ಯಾಂಪ್ ನಡೆದಾಗ ಹೋಗುತ್ತೇನೆ ಅಂದಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡಿದ್ದ. ಇಲ್ಲಿ ಬೈಯುವವರು ಯಾರೂ ಇಲ್ಲ, ನನ್ನನ್ನು ಬಿಟ್ಟರೆ. ಹನ್ನೊಂದು ಗಂಟೆಗೆ ಟ್ಯಾಂಡೆಮ್ ಬುಕ್ ಮಾಡಿದ್ದ. ಟ್ಯಾಂಡೆಮ್ ಅಂದರೆ ಬೋಧಕನ ಎದೆಗೆ ಕಟ್ಟಿಸಿಕೊಂಡು ಹಾರುವುದು.

ಕಾರಿಂದ ಇಳಿಯುತ್ತಿದ್ದ ಹಾಗೇ ಗೊತ್ತಾಯಿತು, ಇವತ್ತು ಕಷ್ಟ. ಗಾಳಿ ತೋರಿಸುವ ಬಟ್ಟೆಯ ಕೊಳವೆ, ವಿಂಡ್‌ಸಾಕ್, ಅಡ್ಡಡ್ಡ ನೆಟ್ಟಗೆ ನಿಂತಿತ್ತು. ಟ್ಯಾಂಡೆಮ್, ವಿದ್ಯಾರ್ಥಿಗಳು ಎಲ್ಲಾ ಬಂದ್. ಒಂಟಿಯಾಗಿ ಹಾರುವ ವಿದ್ಯಾರ್ಥಿಗಳಿಗೆ ನೆಲದ ಗಾಳಿ ಗಂಟೆಗೆ 14 ಮೈಲಿ ಮೀರಬಾರದು ಅಂತ ಇಲ್ಲಿನ ಪ್ಯಾರಾಚೂಟ್ ಅಸೋಸಿಯೇಷನ್ ನಿಯಮ. ನಮ್ಮಂಥ ಲೈಸೆನ್ಸ್ ಇರುವ ಹಳಬರಿಗೆ ಅಂಥ ಮಿತಿ ಇಲ್ಲ. ನಮ್ಮ ನಮ್ಮ ಬುದ್ಧಿಗೆ ಬಿಟ್ಟದ್ದು. ಈ ಆಟದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ನಿಯಮ ಇದೇ.

"ಅವರೆಲ್ಲ ಹೋಗ್ತಿದಾರಲ್ಲ ಮಾವ?" ಅಂದ ಹುಡುಗ. ಟ್ವಿನ್ ಆಟರ್ ವಿಮಾನ ಒಂದಷ್ಟು ಜನರನ್ನು ತುಂಬಿಕೊಂಡು ಆಗ ತಾನೇ ಏರುತ್ತಿತ್ತು.

"ಹೋಗ್ಲಿ ಬಿಡು. ನಮಗೆ ಒಳಗೆ ಕೆಲಸ ಇದೆ."

ರಿಗ್ಗರ್ ಇರುವ ಜಾಗಕ್ಕೆ ಲಾಫ್ಟ್ ಅನ್ನುತ್ತಾರೆ. ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಹೊಲಿಗೆ ಯಂತ್ರಗಳು, ನೈಲಾನ್ ಬಟ್ಟೆಯ ವಾಸನೆ. ನನ್ನ ರಿಗ್ಗರ್ ಅರವತ್ತರ ಆಸುಪಾಸಿನ ಹೆಂಗಸು. ಮಾತು ಕಡಿಮೆ. ನನ್ನನ್ನು ನೋಡಿದ ಕೂಡಲೇ, "ಹಾಕಿಕೋ, ಎಳಿ" ಅಂದಳು. ಒಳ್ಳೆಯ ರಿಗ್ಗರ್‌ಗಳು ರಿಸರ್ವನ್ನು ತಾವೇ ಬಿಚ್ಚುವುದಿಲ್ಲ. ರಿಗ್ ಹಾಕಿಕೊಂಡು ನಮ್ಮ ಕೈಯಿಂದಲೇ ಎಳೆಯಲು ಹೇಳುತ್ತಾರೆ. ಮೇಲೆ ಎಳೆಯಬೇಕಾಗಿ ಬಂದಾಗ ಎಷ್ಟು ಬಲ ಬೇಕು ಅಂತ ಕೈಗೆ ನೆನಪಿರಲಿ ಅಂತ. ಎಡ ಎದೆಯ ಮೇಲಿನ ಬೆಳ್ಳಿ ಬಣ್ಣದ ಹಿಡಿಯನ್ನು ನೋಡಿದೆ, ಹಿಡಿದೆ, ಎಳೆದೆ. ಬೆನ್ನ ಹಿಂದಿನಿಂದ ಸ್ಪ್ರಿಂಗ್ ಇರುವ ಪೈಲಟ್ ಚೂಟ್, ದೊಡ್ಡ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟದು, ಟಪ್ ಅಂತ ನೆಗೆದು ಮೇಜಿನ ಕೆಳಗೆ ಬಿತ್ತು. ಹುಡುಗ ಬೆಚ್ಚಿಬಿದ್ದು ಕಾಫಿ ಚೆಲ್ಲಿಕೊಂಡ. ಆಕೆ ಏನೂ ಹೇಳದೆ ಅವನ ಕೈಗೆ ಟಿಶ್ಯೂ ಕೊಟ್ಟು, ಕಪ್ಪನ್ನು ಹೊರಗಿಟ್ಟು ಬಂದಳು. ಪ್ಯಾರಾಚೂಟ್ ಇರುವ ಕೋಣೆಗೆ ಕಾಫಿ ತರುವಂತಿಲ್ಲ ಅಂತ ಅವನಿಗೆ ಅರ್ಥವಾಯಿತು.

ಆಕೆ ರಿಸರ್ವನ್ನು ಮೇಜಿನ ಮೇಲೆ ಹರಡಿ ಬಟ್ಟೆಯ ಒಂದೊಂದೇ ಪದರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನೈಲಾನಿಗೆ ದೊಡ್ಡ ಶತ್ರು ಬಿಸಿಲು. ಅರಿಜೋನಾದಲ್ಲಿ ರಿಗ್ಗನ್ನು ಹೊರಗೆ ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋಗುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಷ್ಟರಲ್ಲಿ ನಾನು ಹುಡುಗನಿಗೆ ಹೆಗಲ ಹತ್ತಿರದ ಉಂಗುರಗಳನ್ನು ತೋರಿಸಿದೆ. ಪ್ರತಿ ಹೆಗಲಲ್ಲೂ ಮೂರು ಲೋಹದ ಉಂಗುರ. ದೊಡ್ಡದರೊಳಗೆ ನಡುವಿನದು, ನಡುವಿನದರೊಳಗೆ ಚಿಕ್ಕದು, ಚಿಕ್ಕದರ ಮೇಲೆ ಒಂದು ದಾರದ ಕುಣಿಕೆ, ಕುಣಿಕೆಯೊಳಗೆ ಹಳದಿ ಕೇಬಲ್. ಅಷ್ಟೇ. ಪ್ಯಾರಾಚೂಟ್ ತೆರೆಯುವಾಗ ನೂರಾರು ಕಿಲೋ ಭಾರ ಬಿದ್ದರೂ ಒಂದೊಂದು ಉಂಗುರ ದಾಟುತ್ತಾ ಆ ಭಾರ ಇಳಿಯುತ್ತಾ ಬಂದು, ಕೊನೆಯ ಕುಣಿಕೆಗೆ ಸಣ್ಣ ಪಾಲು ಮಾತ್ರ ಸಿಗುತ್ತದೆ. ಹಾಗಾಗಿ ಬಲಗಡೆಯ ಕೆಂಪು ಹಿಡಿ ಎಳೆದರೆ ಕೇಬಲ್ ಸಲೀಸಾಗಿ ಜಾರುತ್ತದೆ, ಎರಡೂ ಹೆಗಲು ಒಟ್ಟಿಗೆ ಬಿಡುತ್ತವೆ, ಕೆಟ್ಟ ಮೇನ್ ಹಾರಿಹೋಗುತ್ತದೆ. ಬಿಲ್ ಬೂತ್ ಎಂಬಾತ 1970ರ ದಶಕದಲ್ಲಿ ಮಾಡಿದ್ದು ಇದು. ಅದಕ್ಕೂ ಮೊದಲಿನ ಸಲಕರಣೆಯಲ್ಲಿ ಎರಡು ಹೆಗಲ ಕೊಂಡಿಗಳನ್ನು ಬೇರೆ ಬೇರೆಯಾಗಿ ಬಿಚ್ಚಬೇಕಿತ್ತು. ಗಿರಗಿರ ತಿರುಗುತ್ತಿರುವಾಗ ಒಂದು ಬಿಚ್ಚಿ ಇನ್ನೊಂದು ಬಿಚ್ಚದಿದ್ದರೆ? ಆ ಕಾಲದವರ ಕಥೆಗಳನ್ನು ಕೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಇಷ್ಟು ಚೆನ್ನಾದ ಸಾಧನಕ್ಕೂ ಸೇವೆ ಬೇಕು. ಹಳದಿ ಕೇಬಲ್ ಮೇಲೆ ಜಿಗುಟು ಕೂರುತ್ತದೆ, ಒರೆಸಬೇಕು. ಉಂಗುರ ಕಟ್ಟಿದ ಪಟ್ಟಿಗಳು ಸೆಟೆದುಕೊಳ್ಳುತ್ತವೆ, ತಿಂಗಳಿಗೊಮ್ಮೆ ಬಿಚ್ಚಿ ಮೆತ್ತಗಾಗುವ ಹಾಗೆ ಬಗ್ಗಿಸಬೇಕು. ಹತ್ತು ನಿಮಿಷದ ಕೆಲಸ. ಸಾವಿರಾರು ಡಾಲರ್ ಕೊಟ್ಟು ರಿಗ್ ಕೊಳ್ಳುವವರು ಈ ಹತ್ತು ನಿಮಿಷಕ್ಕೆ ಬಿಡುವಿಲ್ಲ ಅನ್ನುತ್ತಾರೆ.

"ನೀವು ಎಂದಾದ್ರೂ ಕೆಂಪು ಎಳೆದಿದ್ದೀರಾ ಮಾವ?"

ಎಳೆದಿದ್ದೇನೆ. ಒಂದು ಸಂಜೆ, ಇದೇ ಊರಿನ ಮೇಲೆ. 13,000 ಅಡಿಯಿಂದ ಆರು ಜನ ಗೆಳೆಯರು ಕೈ ಕೈ ಹಿಡಿದು ಬಿದ್ದೆವು. ಎಲ್ಲಾ ಚೆನ್ನಾಗೇ ಇತ್ತು. ಹೊತ್ತಾದ ಮೇಲೆ ಬೇರೆಯಾಗಿ, ದೂರ ಹೋಗಿ, ಸುಮಾರು 3,500 ಅಡಿಯಲ್ಲಿ ಪೈಲಟ್ ಚೂಟ್ ಎಸೆದೆ. ತೆರೆಯುವ ರಭಸಕ್ಕೆ ಎಡಗಡೆಯ ಬ್ರೇಕ್ ಲೈನ್, ಪ್ಯಾರಾಚೂಟನ್ನು ತಿರುಗಿಸಲು, ನಿಧಾನಿಸಲು ಎಳೆಯುವ ದಾರ, ತಾನಾಗೇ ಬಿಚ್ಚಿಕೊಂಡಿತು. ಬಲಗಡೆಯದು ಕಟ್ಟಿದ ಹಾಗೇ ಇತ್ತು. ಪ್ಯಾರಾಚೂಟಿನ ಅರ್ಧ ಮುಂದೆ ನುಗ್ಗಿತು, ಅರ್ಧ ಹಿಂದೆ ಉಳಿಯಿತು. ಬಲಕ್ಕೆ ಒಂದು ಸುತ್ತು, ಎರಡು ಸುತ್ತು, ಆಮೇಲೆ ಎಣಿಸಲಿಲ್ಲ. ಲೈನ್‌ಗಳು ಕತ್ತಿನ ಹಿಂದೆ ಜಡೆಯಾಗಿ ಹೆಣೆದುಕೊಂಡು ಗದ್ದ ಎದೆಗೆ ಒತ್ತಿಕೊಂಡಿತು. ತಲೆ ಎತ್ತಿ ನೋಡಲೂ ಆಗುತ್ತಿಲ್ಲ. ಕಾಲು ಎರಡೂ ಹೊರಗೆ ಎಸೆದುಕೊಂಡಿವೆ. ಒಂದು ಸಲ ಒದ್ದು ಬಿಡಿಸಿಕೊಳ್ಳಲು ನೋಡಿದೆ. ಬಿಡಲಿಲ್ಲ. ಹೆಲ್ಮೆಟ್ ಒಳಗಿನ, ಎತ್ತರ ಅಳೆಯುವ ಆಲ್ಟಿಮೀಟರ್ ಕಿವಿಯಲ್ಲಿ ಕಿರುಚುತ್ತಿತ್ತು.

ನನ್ನ ಲೈಸೆನ್ಸ್‌ನವರು ಕಟ್‌ಅವೇ, ಅಂದರೆ ಕೆಟ್ಟ ಮೇನ್ ಬಿಟ್ಟುಬಿಡುವ ತೀರ್ಮಾನವನ್ನು, 1,800 ಅಡಿಗೆ ಇಳಿಯುವಷ್ಟರಲ್ಲಿ ಮಾಡಿರಬೇಕು. ಅದಕ್ಕಿಂತ ಕೆಳಗೆ ಚೌಕಾಸಿ ಮಾಡಬಾರದು. ನಾನು ನನಗೆ ಹಾಕಿಕೊಂಡಿದ್ದ ಗೆರೆ 2,500. ಕೆಂಪು ಹಿಡಿಯ ಕಡೆ ಕಣ್ಣು ಹಾಯಿಸಿದೆ. ಅದು ಇರಬೇಕಾದ ಜಾಗದಲ್ಲಿ ಇರಲೇ ಇಲ್ಲ! ಸುತ್ತುವ ರಭಸಕ್ಕೆ ಮೈಗೆ ಬಿಗಿದ ಪಟ್ಟಿಗಳ ಹಾರ್ನೆಸ್ ಎಳೆದುಕೊಂಡು ಹಿಡಿ ಪಕ್ಕೆಯ ಕಡೆಗೆ ಜರುಗಿತ್ತು. ಅದಕ್ಕೇ ಕೈಗಿಂತ ಮೊದಲು ಕಣ್ಣು ಹೋಗಬೇಕು ಅಂತ ಮೊದಲ ದಿನದಿಂದ ಕಲಿಸುವುದು. ನೋಡಿದೆ, ಹಿಡಿದೆ, ಎಳೆದೆ. ಒಮ್ಮೆಗೇ ಸುತ್ತು ನಿಂತು ಹೊಟ್ಟೆ ಬಾಯಿಗೆ ಬಂತು. ಬೆಳ್ಳಿ ಹಿಡಿಯನ್ನೂ ಎಳೆದೆ, ಆದರೆ ಅಷ್ಟರಲ್ಲಿ ಮೇನ್ ಹೋಗುತ್ತಾ ತನಗೆ ಕಟ್ಟಿದ್ದ ಪಟ್ಟಿಯಿಂದ ರಿಸರ್ವಿನ ಪಿನ್ನನ್ನು ಕಿತ್ತಾಗಿತ್ತು. ತಲೆಯ ಮೇಲೆ ಬಿಳಿ ರಿಸರ್ವ್, ಚೌಕಾಕಾರ, ಗಟ್ಟಿಯಾಗಿ. ಕೆಳಗೆ ನೋಡಿದರೆ 2,000 ಅಡಿ ಇನ್ನೂ ಇತ್ತು.

ಕತ್ತಲಾಗುವವರೆಗೂ ಹತ್ತಿ ಹೊಲದಲ್ಲಿ ಅಲೆದು ಮೇನನ್ನು ಹುಡುಕಿದೆವು. ರಿಸರ್ವಿನ ಚೀಲ ಸಿಗಲಿಲ್ಲ, ಹೊಸದಕ್ಕೆ ದುಡ್ಡು ಕೊಟ್ಟೆ. ಆ ರಿಸರ್ವ್ ಮಡಚಿದ್ದು ಇದೇ ಹೆಂಗಸು. ಜೀವ ಉಳಿಸಿದ ರಿಗ್ಗರ್‌ಗೆ ಒಂದು ಬಾಟಲ್ ಕೊಡುವುದು ಇಲ್ಲಿನ ಪದ್ಧತಿ. ಒಳ್ಳೆಯದನ್ನೇ ತಂದುಕೊಟ್ಟೆ. ಆಕೆ ಕುಡಿಯುವುದಿಲ್ಲ ಅಂತ ಆಮೇಲೆ ತಿಳಿಯಿತು. ಊರಿಗೆ ಹೋಗಿ ಬಂದಾಗ ಚಿಕ್ಕಮಗಳೂರಿನ ಕಾಫಿಪುಡಿ ಕೊಟ್ಟೆ. ಅದನ್ನು ಮಾತ್ರ ಪ್ರತಿ ವರ್ಷ ಕೇಳಿ ತರಿಸಿಕೊಳ್ಳುತ್ತಾಳೆ.

ಹುಡುಗನ ಮುಂದಿನ ಪ್ರಶ್ನೆ ಎಲ್ಲರೂ ಕೇಳುವುದೇ. "ಪ್ರಜ್ಞೆ ತಪ್ಪಿದ್ರೆ?"

ಅದಕ್ಕೂ ಒಂದು ಪೆಟ್ಟಿಗೆ ಇದೆ. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋತ್ ತಂದ ಸೈಪ್ರೆಸ್. ಗಾಳಿಯ ಒತ್ತಡ ಅಳೆಯುತ್ತಾ, ಎಷ್ಟು ಎತ್ತರದಲ್ಲಿ ಎಷ್ಟು ವೇಗವಾಗಿ ಬೀಳುತ್ತಿದ್ದೀವಿ ಅಂತ ಲೆಕ್ಕ ಹಾಕುತ್ತಿರುತ್ತದೆ. ಅನುಭವಿಗಳ ಮಾದರಿಯಲ್ಲಿ ಸುಮಾರು 750 ಅಡಿಯಲ್ಲೂ ಸೆಕೆಂಡಿಗೆ 35 ಮೀಟರಿಗಿಂತ ಜೋರಾಗಿ ಬೀಳುತ್ತಿದ್ದರೆ, ಒಳಗಿನ ಸಣ್ಣ ಬ್ಲೇಡ್ ಸಿಡಿದು ರಿಸರ್ವ್ ಮುಚ್ಚಿದ ದಾರವನ್ನು ಕತ್ತರಿಸುತ್ತದೆ. ಬೆಳಿಗ್ಗೆ ಹಾರುವ ಜಾಗಕ್ಕೆ ಬಂದ ಮೇಲೆಯೇ ಅದನ್ನು ಆನ್ ಮಾಡಬೇಕು. ಮೊದಲು ಒಂದು ಸಲ ಗುಂಡಿ ಒತ್ತಿ, ಆಮೇಲೆ ಕೆಂಪು ದೀಪ ಮಿನುಗಿದಾಗೆಲ್ಲ ಮತ್ತೊಂದು ಸಲ, ಒಟ್ಟು ನಾಲ್ಕು ಸಲ. ಆಗ ಅದು ಇದೇ ನೆಲ ಅಂತ ಗುರುತು ಹಾಕಿಕೊಳ್ಳುತ್ತದೆ. ಮನೆಯಲ್ಲೇ ಆನ್ ಮಾಡಿಕೊಂಡು ಬೆಟ್ಟದ ಊರಿಗೆ ಕಾರಲ್ಲಿ ಹೋದರೆ ಲೆಕ್ಕ ತಪ್ಪುತ್ತದೆ.

"ಹಾಗಾದ್ರೆ ಸಾಯೋದೇ ಇಲ್ಲ ಅಲ್ವಾ?" ಅಂದ.

ರಿಗ್ಗರ್ ತಲೆ ಎತ್ತಿ ನೋಡಿದಳು. ಕನ್ನಡ ಬರದಿದ್ದರೂ ಆ ಧಾಟಿ ಅರ್ಥವಾಗಿತ್ತು. ಅದೇ ಬಿಲ್ ಬೂತ್ ಹೇಳುತ್ತಾ ಬಂದ ಒಂದು ಮಾತಿದೆ: ಸಲಕರಣೆ ಎಷ್ಟು ಸುರಕ್ಷಿತ ಆಗುತ್ತದೋ, ಜನ ಅಷ್ಟೇ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡು ಲೆಕ್ಕ ಸರಿಮಾಡಿಬಿಡುತ್ತಾರೆ. ಹಿಂದೆ ಪ್ಯಾರಾಚೂಟ್ ತೆರೆಯದೆ ಸಾಯುತ್ತಿದ್ದರು. ಈಗ ಚೆನ್ನಾಗಿ ತೆರೆದ ಪ್ಯಾರಾಚೂಟಿನ ಕೆಳಗೇ ಬಹಳ ಜನ ಸಾಯುತ್ತಾರೆ. ಚಿಕ್ಕ, ವೇಗದ ಕ್ಯಾನಪಿ, ಅಂದರೆ ಪ್ಯಾರಾಚೂಟಿನ ರೆಕ್ಕೆ, ಕೊಂಡುಕೊಂಡು, ನೆಲದ ಹತ್ತಿರ ಚೂಪಾಗಿ ತಿರುಗಿ.

ಮಡಚುವ ಕೊನೆಯ ಹಂತ ಬಂತು. ಆಕೆ ಮಂಡಿಯೂರಿ ಇಡೀ ಮೈ ಭಾರ ಹಾಕಿ ಗಾಳಿ ಹೊರಗೆ ಒತ್ತುತ್ತಿದ್ದಳು. ರೈಲು ಪ್ರಯಾಣಕ್ಕೆ ಮೊದಲು ನಮ್ಮಪ್ಪ ಹೋಲ್ಡಾಲ್ ಮೇಲೆ ಕೂತು ಬೆಲ್ಟ್ ಎಳೆಯುತ್ತಿದ್ದದ್ದು ಹೀಗೇ. ಕುಣಿಕೆ ಎಳೆದು, ಪಿನ್ ತೂರಿಸಿ, ಕೆಂಪು ದಾರ ಸುತ್ತಿ ಸೀಸದ ಸೀಲ್ ಒತ್ತಿದಳು. ಆಮೇಲೆ ನನಗೆ ಯಾವಾಗಲೂ ಇಷ್ಟವಾಗುವ ಕೆಲಸ. ಮೇಜಿನ ಮೇಲಿದ್ದ ಕ್ಲಿಪ್ಪು, ಇಕ್ಕಳ, ಎಳೆದಾರ, ತಾತ್ಕಾಲಿಕ ಪಿನ್, ಎಲ್ಲವನ್ನೂ ಬೆರಳಿಟ್ಟು ಎಣಿಸಿದಳು. ಒಂದು ಕಡಿಮೆ ಬಂದರೂ ಅದು ರಿಸರ್ವಿನ ಒಳಗೇ ಉಳಿದಿರಬಹುದು. ಆಗ ಸೀಲ್ ಕಿತ್ತು ಮೊದಲಿಂದ ಶುರು. ಲೆಕ್ಕ ಸರಿ ಬಂತು. ಕಾರ್ಡಿನಲ್ಲಿ ತಾರೀಖು ಬರೆದು ಸಹಿ ಹಾಕಿದಳು.

ಹೊರಗೆ ಬಂದಾಗ ಮೂರು ಗಂಟೆ. ಗಾಳಿ ತಗ್ಗಿರಲಿಲ್ಲ. ಇಳಿಯುವ ಬಯಲಲ್ಲಿ ಒಬ್ಬ ಜಿಗಿತಗಾರ, ಹುಡುಗನಿಗಿಂತ ಸ್ವಲ್ಪ ದೊಡ್ಡವನು, ಜಾಗ ತಪ್ಪುತ್ತಿದೆ ಅನ್ನಿಸಿಯೋ ಏನೋ, ನೂರಡಿಯೂ ಇಲ್ಲದ ಎತ್ತರದಲ್ಲಿ ಗಾಳಿಗೆ ಮುಖ ಮಾಡಲು ಒಂದು ಬ್ರೇಕ್ ಲೈನಿನ ಹಿಡಿಯನ್ನು ಪೂರ್ತಿ ಎಳೆದ. ತಿರುಗುವಾಗ ಪ್ಯಾರಾಚೂಟ್ ಕೆಳಗೆ ಧುಮುಕುತ್ತದೆ. ದೂಳೆದ್ದ ಮೇಲೆ ಸದ್ದು ಕೇಳಿಸಿತು. ಜನ ಓಡಿದರು. ಕಾಲು ಮುರಿದಿತ್ತು, ಅಷ್ಟಕ್ಕೇ ಉಳಿಯಿತು. ಅವನ ಪ್ಯಾರಾಚೂಟ್ ಒಂದು ದಾರವೂ ಹರಿಯದೆ ಪಕ್ಕದಲ್ಲಿ ಬಿದ್ದಿತ್ತು. ಗಾಳಿಗೆ ಅಡ್ಡವಾಗಿಯೇ ಇಳಿದು ಉರುಳಿಕೊಂಡಿದ್ದರೆ ಮೈ ತರಚುತ್ತಿತ್ತು, ಹೆಚ್ಚೇನಿಲ್ಲ.

ಹುಡುಗ ತುಂಬಾ ಹೊತ್ತು ಮಾತಾಡಲಿಲ್ಲ. ಮನೆಗೆ ಹೋಗೋಣ ಅನ್ನುತ್ತಾನೆ ಅಂದುಕೊಂಡೆ. ನಾಲ್ಕೂವರೆಗೆ ಗಾಳಿ ಇಳಿಯಿತು, ಟ್ಯಾಂಡೆಮ್ ಹೆಸರು ಕರೆದರು. ಎದ್ದು ಹೋದ.

ಕೆಳಗೆ ನಿಂತು ನೋಡಿದೆ. ಇಬ್ಬರ ತೂಕಕ್ಕೆ ಬೀಳುವ ವೇಗ ಮಿತಿಮೀರದಿರಲಿ ಅಂತ ಹಿಂದೆ ಎಳೆದುಕೊಂಡು ಬರುವ ಡ್ರೋಗ್ ಎಂಬ ಸಣ್ಣ ಪ್ಯಾರಾಚೂಟ್ ಮೊದಲು ಚುಕ್ಕೆಯಾಗಿ ಕಂಡಿತು. ಆಮೇಲೆ ದೊಡ್ಡ ಕ್ಯಾನಪಿ. ಕುಂಡಿಯ ಮೇಲೆ ಜಾರಿಕೊಂಡು ಇಳಿದ, ಪ್ಯಾಂಟೆಲ್ಲ ಮಣ್ಣು. ಹತ್ತಿರ ಹೋದರೆ ಹೆದರಿಕೆ, ಖುಷಿ, ಅದ್ಯಾವುದನ್ನೂ ಹೇಳಲಿಲ್ಲ. ಬೋಧಕ ಬಾಗಿಲ ಬಳಿ ತನ್ನ ಹಿಡಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿಕೊಂಡರು ಮಾವ, ಅಂದ. ನನಗೆ ಸಮಾಧಾನ ಆಯಿತು. ಮೊದಲ ಸಲ ಹಾರಿದವರು ಸಾಮಾನ್ಯವಾಗಿ ಮೋಡದ ಬಗ್ಗೆ ಮಾತಾಡುತ್ತಾರೆ.

ದಾರಿಯಲ್ಲಿ ಕೋರ್ಸ್ ಸೇರುತ್ತೇನೆ ಅಂದ. ರಿಗ್ ಯಾವುದು ಕೊಳ್ಳಲಿ ಅಂತಲೂ ಕೇಳಿದ. ಈಗ ಏನೂ ಕೊಳ್ಳಬೇಡ ಅಂದೆ. ಮೊದಲ ಲೈಸೆನ್ಸ್‌ಗೆ 25 ಜಿಗಿತ ಬೇಕು, ಅಲ್ಲಿವರೆಗೆ ಶಾಲೆಯ ದೊಡ್ಡ ಕ್ಯಾನಪಿಯೇ ಸರಿ. ಆಮೇಲೆ ಒಂದು ಹೆಲ್ಮೆಟ್, ಒಂದು ಆಲ್ಟಿಮೀಟರ್. ಸೆಕೆಂಡ್ ಹ್ಯಾಂಡ್ ರಿಗ್ ಸಿಕ್ಕರೆ ದುಡ್ಡು ಕೊಡುವ ಮೊದಲು ರಿಗ್ಗರ್‌ಗೆ ತೋರಿಸು. ಸಲಕರಣೆ ಸೇರಿ ನಿನ್ನ ತೂಕ ಎಷ್ಟು ಪೌಂಡೋ ಕ್ಯಾನಪಿ ಕನಿಷ್ಠ ಅಷ್ಟು ಚದರ ಅಡಿ ಇರಲಿ. ಅದಕ್ಕಿಂತ ಚಿಕ್ಕದನ್ನು ಅಗ್ಗಕ್ಕೆ ಕೊಡುತ್ತೇನೆ ಅನ್ನುವ ಗೆಳೆಯನ ಫೋನ್ ಎತ್ತಬೇಡ.

ಎಲ್ಲದಕ್ಕೂ ಹೂಂ ಅಂದ. ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಹೇಳುವುದು ಅವನ ಕೆಲಸ, ನಾನು ಆ ಫೋನ್ ಮಾಡುವುದಿಲ್ಲ.