ಎಣ್ಣಿ ಹೊಡಿಯೋಕಿಂತ ಮೊದ್ಲ ಎಲಿ ಹೊಳ್ಳಿಸಿ ನೋಡ್ರಿ

ಮೆಣಸಿನ ಗಿಡದ ಎಲಿ ಮುದುಡಿದ ಕೂಡ್ಲೆ ನಮ್ಮ ಹುಬ್ಬಳ್ಳಿ ಮಂದಿ ಸೀದಾ ಅಂಗಡಿಗೆ ಹೋಗಿ "ಏನರ ಎಣ್ಣಿ ಕೊಡ್ರಿ" ಅಂತಾರ, ಎಣ್ಣಿ ಅಂದ್ರ ಹುಳಕ್ಕ ಹೊಡಿಯೋ ಔಷಧ. ಅಂಗಡ್ಯಾವ ಹತ್ತಿಗೆ ಹೊಡಿಯೋ ಬಾಟ್ಲಿ ತಗದ ಕೊಡ್ತಾನ, ಯಾಕಂದ್ರ ಅವಂಗ ಎಕರೆ ಲೆಕ್ಕ ಗೊತ್ತು, ಮಾಳಗಿ ಮ್ಯಾಲಿನ ನಾಕ ಕುಂಡದ ಲೆಕ್ಕ ಗೊತ್ತಿಲ್ಲ. ಅದನ್ನ ತಂದು ಗಿಡ ತೊಯ್ಯಂಗ ಹೊಡದು, ಮರುದಿನ ಅದ ಮೆಣಸಿನಕಾಯಿ ಹರಕೊಂಡು ಮಿರ್ಚಿ ಕರದು ತಿನ್ನೋದು! ಇದನ್ನ ನೋಡಿ ನೋಡಿ ಸಿಟ್ಟ ಬಂದ ಬರ್ಯಾಕ ಕುಂತೇನಿ.

ಮೊದ್ಲ ಆ ಎಲಿ ಯಾವ ಕಡೆ ಮುದುಡೇತಿ ಅಂತ ನೋಡ್ರಿ. ಎಲಿ ಅಂಚು ಮ್ಯಾಲಕ್ಕ ಮುದುಡಿದ್ರ ಅದು ಥ್ರಿಪ್ಸ್ ಅನ್ನೋ ರಸಾ ಹೀರೋ ಸಣ್ಣ ಕೀಟ. ಅಂಚು ಕೆಳಗ ಬಾಗಿ, ಎಲಿ ಸಣ್ಣಾಗಿ, ಎಲಿ ತೊಟ್ಟು ಮಾತ್ರ ಉದ್ದಕ ಬೆಳದಿದ್ರ ಅದು ನುಸಿ, ಅಂದ್ರ ಮೈಟ್. ಹಾವೇರಿ ಕಡೆ ರೈತರು ಎರಡಕ್ಕೂ ಸೇರಿಸಿ ಮುಟುರು ರೋಗ ಅಂತಾರ, ಬ್ಯಾಡಗಿ ಮೆಣಸಿನಕಾಯಿ ಬೆಳೆಯೋರಿಗೆ ಇದರ ಕಾಟ ಹೇಳತೀರದು. ಥ್ರಿಪ್ಸ್ ನೋಡಬೇಕಂದ್ರ ಒಂದು ಬಿಳಿ ಹಾಳಿ ಹಿಡಕೊಂಡು ಅದರ ಮ್ಯಾಲೆ ಎಳಿ ಕುಡಿ ಮತ್ತ ಹೂವು ತಟ್ರಿ, ಸಣ್ಣ ಸಣ್ಣ ಎಳಿಯಂಥವು ಹಾಳಿ ಮ್ಯಾಲೆ ಓಡಾಡ್ತಾವ. ಹೂವು ಯಾಕ ಅಂದ್ರ 2021ರಾಗ ದಕ್ಷಿಣ ಭಾರತದ ಮೆಣಸಿನಕಾಯಿ ಹೊಲಕ್ಕೆಲ್ಲಾ ನುಗ್ಗಿದ ಹೊಸಾ ಕಪ್ಪು ಥ್ರಿಪ್ಸ್ ಐತೆಲ್ಲಾ, ಅದು ಹೂವಿನೊಳಗ ಕುಂತು ಹೂವ ಉದುರಿಸ್ತೈತಿ, ಬರೇ ಎಲಿ ನೋಡಿದ್ರ ಸಿಗಂಗಿಲ್ಲ. ಮೆಣಸಿನ ನುಸಿ ಬರಿಗಣ್ಣಿಗೆ ಕಾಣೋದ ಇಲ್ಲ, ಛಲೋ ಭೂತಗನ್ನಡಿ ಬೇಕು.

ಇಷ್ಟ್ಯಾಕ ಕೊರೀತೀನಿ ಅಂದ್ರ ನುಸಿ ಕೀಟಾನ ಅಲ್ಲ, ಎಂಟ ಕಾಲಿನ ಜೇಡದ ಬಳಗ. ಕೀಟಕ್ಕಂತ ಇರೋ ಎಷ್ಟೋ ಎಣ್ಣಿ ಅದಕ್ಕ ನಾಟಂಗಿಲ್ಲ, ಪೈರಥ್ರಾಯ್ಡ್ ಜಾತಿ ಎಣ್ಣಿ ಹೊಡದ್ರಂತೂ ನುಸಿ ತಿನ್ನೋ ಹುಳಾನೂ ಸತ್ತು ನುಸಿ ಇನ್ನೂ ಹೆಚ್ಚಾಗ್ತೈತಿ, ಆಮ್ಯಾಲೆ ನಾವು "ಎಣ್ಣಿ ಸಾಲವಲ್ದು" ಅಂತ ಮತ್ತ ಹೊಡಿತೀವಿ. ನುಸಿಗೆ ನೀರಿನ್ಯಾಗ ಕರಗೋ ಗಂಧಕ, ಲೀಟರಿಗೆ 3 ಗ್ರಾಂ, ತಂಪ ಹೊತ್ತಿನ್ಯಾಗ. ಏಪ್ರಿಲ್-ಮೇ ಬಿಸಲಾಗ ಹೊಡದ್ರ ಎಲಿ ಸುಡ್ತಾವ, ಬೇವಿನೆಣ್ಣಿ ಹೊಡದು ಎರಡ ವಾರದೊಳಗ ಗಂಧಕ ಬ್ಯಾಡ. ಗಿಡ ಕುಳ್ಳಾಗಿ, ಎಲಿ ಹಳದಿ ಹಿಡದು ಗೊಂಚಲ ಕಟ್ಟಿದ್ರ ಅದು ಬಿಳಿ ನೊಣ ತರೋ ವೈರಸ್, ಅದಕ್ಕ ಔಷಧಾನ ಇಲ್ಲ, ಕಿತ್ತ ಒಗೀರಿ.

ಇನ್ನ ದಾಸಾಳಕ್ಕ ಬರೋಣು. ಕುಡ್ಯಾಗ ಬಿಳಿ ಹಿಟ್ಟು ಮೆತ್ತಿದಂಗ ಕಾಣೋದು ಹಿಟ್ಟು ತಿಗಣಿ. ಗಿಡದ ಬುಡದಿಂದ ಇರುವಿ ಸಾಲು ಹತ್ತಿದ್ರ ಹಿಟ್ಟು ತಿಗಣಿ ಇಲ್ಲಾ ಗಿಡದ ಹೇನು ಇರೋದು ಬಹುತೇಕ ಖಾತ್ರಿ, ಯಾಕಂದ್ರ ಇವು ರಸಾ ಹೀರಿ ಸಿಹಿ ಅಂಟು ಬಿಡ್ತಾವ, ಅದನ್ನ ನೆಕ್ಕಾಕ ಇರುವಿ ಬರ್ತಾವ, ಬಂದು ಇವುಗಳ ಶತ್ರು ಹುಳಾನ ಹತ್ರ ಬರಗೊಡಂಗಿಲ್ಲ, ಉಳದ ಅಂಟಿನ ಮ್ಯಾಲೆ ಕರೇ ಬೂಸಲು ಬರ್ತೈತಿ. ಅದಕ್ಕ ಮೊದ್ಲ ಇರುವಿ ದಾರಿ ಕಟ್ ಮಾಡ್ರಿ. ಭಾಳ ಹತ್ತಿದ ಕುಡಿ ಕತ್ತರಿಸಿ ಚೀಲದಾಗ ಕಟ್ಟಿ ಒಗೀರಿ, ಉಳದದ್ದಕ್ಕ ಪೈಪಿನ ನೀರು ಜೋರ ಬಿಡ್ರಿ. ಹಿಟ್ಟು ತಿಗಣಿ ಮೈ ಮ್ಯಾಲೆ ಮೇಣ ಇರೋದಕ್ಕ ಎಣ್ಣಿ ಬರೇ ಜಾರಿ ಹೊಕ್ಕೈತಿ, ಸಾಬೂನು ಸೇರಿಸಿದ್ರನ ಹಿಡಿಯೋದು.

ಹಾ, ಇಲ್ಲೊಂದ ಮಾತು. ಆ ಬಿಳಿ ಹಿಟ್ಟಿನ ನಡಕ ಒಂದು ದೊಡ್ಡದು, ಮೈತುಂಬ ಬಿಳಿ ಎಳಿ ಜೋತಬಿಟ್ಟದ್ದು ಕಂಡ್ರ ಅದನ್ನ ತಿಕ್ಕಿ ಕೊಲ್ಲಬ್ಯಾಡ್ರಿ. ಕಡ್ಡೀಲೆ ಮುಟ್ಟಿ ನೋಡ್ರಿ, ಲಗೂ ಲಗೂ ಓಡಿದ್ರ ಅದು ಕ್ರಿಪ್ಟೋಲೀಮಸ್ ಅನ್ನೋ ಗುಲಗಂಜಿ ಹುಳದ ಮರಿ, ಹಿಟ್ಟು ತಿಗಣಿನ ತಿಂದ ಬದುಕೋದು. 1898ರಾಗ ಆಸ್ಟ್ರೇಲಿಯಾದಿಂದ ಭಾರತಕ್ಕ ತರಿಸಿದ ಹುಳ ಇದು. ಮನ್ಯಾಗ ಬಂದ ಪುಕ್ಕಟೆ ಆಳನ್ನ ನಾವ ಕೊಂದ್ರ ಹ್ಯಾಂಗ?

ಕರಿಬೇವು ನಿಂಬಿ ಎಲಿ ಮ್ಯಾಲೆ ಹಕ್ಕಿ ಹಿಕ್ಕಿ ಹಂಗ ಕಾಣೋದು ಚಿಟ್ಟಿ ಮರಿ, ದೊಡ್ಡದಾದ ಮ್ಯಾಲೆ ಹಸರ ಆಗ್ತೈತಿ. ಗಿಡ ದೊಡ್ಡದಿದ್ರ ತಿನ್ಲಿ ಬಿಡ್ರಿ, ಸಣ್ಣದಿದ್ರ ಕೈಲೆ ತಗೀರಿ, ಮುಗೀತು.

ನನ್ನ ಪ್ರಕಾರ ಮನಿ ಗಿಡಕ್ಕ ಬೇವಿನ ಬೀಜದ ಕಷಾಯ ಸಾಕು. ಒಣಗಿದ ಬೇವಿನ ಬೀಜದ ತಿರಳು 50 ಗ್ರಾಂ ಕುಟ್ಟಿ, ಅರಿವ್ಯಾಗ ಗಂಟ ಕಟ್ಟಿ ಒಂದು ಲೀಟರ್ ನೀರಾಗ ರಾತ್ರಿ ನೆನೆ ಇಡ್ರಿ, ಮರುದಿನ ಹಿಂಡಿ ಸೋಸಿ, ಚೂರು ಸಾಬೂನು ನೀರು ಹಾಕಿ ಅವತ್ತ ಸಂಜಿಮುಂದ ಎಲಿ ಕೆಳಗ ಹೊಡೀರಿ. ಸಂಜಿಮುಂದ ಯಾಕಂದ್ರ ಬೇವಿನ ಸತ್ವ ಬಿಸಲಿಗೆ ಲಗೂ ಹಾಳಾಗ್ತೈತಿ. ಹೊಡದ ಕೂಡ್ಲೆ ಹುಳ ಪಟಪಟ ಬೀಳಂಗಿಲ್ಲ, ಅದರ ತಿನ್ನೋದು ಬೆಳೆಯೋದು ನಿಲ್ತೈತಿ, ವಾರ ಬಿಟ್ಟು ಮತ್ತ ಹೊಡೀಬೇಕು. ಜುಲೈ ಜಿಟಿಜಿಟಿ ಮಳ್ಯಾಗ ಹೊಡದು ಉಪಯೋಗ ಇಲ್ಲ, ತೊಳಕೊಂಡ ಹೊಕ್ಕೈತಿ.

ಅಂಗಡಿ ಎಣ್ಣಿ ತಗೊಳ್ಳೋದ ಆದ್ರ ಲೇಬಲ್ ಮ್ಯಾಲಿನ ತ್ರಿಕೋನದ ಬಣ್ಣ ನೋಡ್ರಿ. ಕೆಂಪು ಭಾಳ ವಿಷ, ಆಮ್ಯಾಲೆ ಹಳದಿ, ನೀಲಿ, ಹಸಿರು ಅಂತ ವಿಷ ಕಮ್ಮಿ ಆಗ್ತಾ ಹೊಕ್ಕೈತಿ. ಕೆಂಪು ಹಳದಿ ಮನಿ ಬಾಗ್ಲೊಳಗ ತರಬ್ಯಾಡ್ರಿ. ಹಸಿರಿದ್ರೂ, ಹೊಡದ ಮ್ಯಾಲೆ ಎಷ್ಟ ದಿನ ಕಾಯಿ ಹರೀಬಾರ್ದು ಅಂತ ಲೇಬಲ್‌ನ್ಯಾಗ ಬರದಿರ್ತಾರ, ಅದನ್ನ ಓದ್ರಿ. ತುಳಸಿಗೆ ಮಾತ್ರ ಯಾವ ಬಾಟ್ಲೀನೂ ಬ್ಯಾಡ, ದಿನಾ ಎಲಿ ಬಾಯಾಗ ಹಾಕ್ಕೋತೀವಿ. ಅದರ ಕುಡಿ ಮುದುಡಿ, ಎಲಿ ಕೆಳಗ ಕರೇ ಚುಕ್ಕಿ ಕಂಡ್ರ ಅಷ್ಟ ಕುಡಿ ಚಿವುಟಿ ತಗದು ನೀರ ಹೊಡೀರಿ, ಹೊಸಾ ಚಿಗುರು ಬರ್ತೈತಿ.