ನಲವತ್ತೈದು ದಿನ ಅಂದಿದ್ದೆ

ಮೈಸೂರಿನಲ್ಲಿ ವಕೀಲಿ ಮಾಡುತ್ತೇನೆ, ಆದರೆ ಕೋರ್ಟಿಗೆ ಹೋಗುವುದು ಕಮ್ಮಿ. ಎರಡು ಬ್ಯಾಂಕುಗಳ ಪ್ಯಾನೆಲ್‌ನಲ್ಲಿದ್ದೇನೆ. ಮನೆ ಸಾಲಕ್ಕೆ ಅರ್ಜಿ ಹಾಕಿದವರ ಪತ್ರಗಳು ನನ್ನ ಮೇಜಿಗೆ ಬರುತ್ತವೆ. ಮೂವತ್ತು ವರ್ಷ ಹಿಂದಕ್ಕೆ ಹೋಗಿ ಆ ಸ್ವತ್ತು ಯಾರಿಂದ ಯಾರಿಗೆ ಬಂತು ಅಂತ ನೋಡಿ ಲೀಗಲ್ ಒಪೀನಿಯನ್ ಬರೆದುಕೊಡುವುದು ಕೆಲಸ. ಬ್ಯಾಂಕಿನ ಹಂಗಿಲ್ಲದೆ ನೇರವಾಗಿ ಬರುವ ಕಕ್ಷಿದಾರರೂ ಇದ್ದಾರೆ. ಯಾರೇ ಬರಲಿ, ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: “ಮೇಡಂ, ಎಲ್ಲ ಮುಗಿಯೋಕೆ ಎಷ್ಟು ದಿನ ಆಗುತ್ತೆ?”

2025ರ ಫೆಬ್ರವರಿಯಲ್ಲಿ ಒಬ್ಬ ಮೇಷ್ಟ್ರು ಬಂದು ಇದನ್ನೇ ಕೇಳಿದರು. ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಹೆಂಡತಿ ನರ್ಸ್. ಕುವೆಂಪುನಗರದ ಕಡೆ ಹಳೆಯ ಮನೆ, 62 ಲಕ್ಷಕ್ಕೆ ಮಾತಾಗಿತ್ತು. ನಾನು ಪತ್ರಗಳನ್ನು ಇನ್ನೂ ಬಿಚ್ಚಿರಲಿಲ್ಲ. “ನಲವತ್ತೈದು ದಿನ ಹಿಡ್ಕೊಳ್ಳಿ ಮೇಷ್ಟ್ರೇ” ಅಂದುಬಿಟ್ಟೆ.

ಆ ಲೆಕ್ಕ ಪೂರ್ತಿ ಸುಳ್ಳೇನಲ್ಲ. ಬ್ಯಾಂಕಿನ ಲೀಗಲ್ಲು, ಇಂಜಿನಿಯರ್ ಬಂದು ಅಳತೆ ಹಾಕಿ ಬೆಲೆ ಕಟ್ಟುವುದು, ಇವೆರಡಕ್ಕೆ ಹತ್ತು ದಿನ. ಸಂಬಳದ ದಾಖಲೆ, ಸಿಬಿಲ್ (ಹಳೆಯ ಸಾಲ ಹೇಗೆ ತೀರಿಸಿದ್ದಾರೆ ಅನ್ನುವ ಅಂಕ) ನೋಡಿ ಸಾಲ ಮಂಜೂರಾಗಲು ಎರಡು ವಾರ. ಕ್ರಯಪತ್ರ ಬರೆದು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ಕ್ಕೆ ಏರಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯವರು ನೋಡಿ ಒಪ್ಪಿ, ದುಡ್ಡು ಕಟ್ಟಿ ಸ್ಲಾಟ್ ಹಿಡಿಯಲು ಇನ್ನೊಂದು ವಾರ. ಕೂಡಿದರೆ ತಿಂಗಳ ಮೇಲೆ ನಾಲ್ಕು ದಿನವೂ ಆಗುವುದಿಲ್ಲ. ಆದರೆ ಇದು ಕೊಳ್ಳುವವರ ಕಡೆಯ ಲೆಕ್ಕ ಮಾತ್ರ. ಮಾರುವವರ ಮನೆಯ ಬೀರುವಿನಲ್ಲಿ ಏನಿದೆ, ಏನಿಲ್ಲ ಅನ್ನುವುದು ಇದರಲ್ಲಿ ಎಲ್ಲೂ ಬಂದಿಲ್ಲ.

ನನ್ನ ಮಾತು ನಂಬಿ ಮೇಷ್ಟ್ರು ಐದು ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರು. ಬಾಡಿಗೆ ಮನೆ ಮಾಲೀಕರಿಗೆ ಮೇ ಕೊನೆಗೆ ಖಾಲಿ ಮಾಡುತ್ತೇವೆ ಎಂದೂ ಹೇಳಿಬಿಟ್ಟರು.

ಆಮೇಲೆ ನಾನು ಕವರ್ ಬಿಚ್ಚಿದೆ. ಸೈಟು ಕೊಂಡವರು ಆ ಮನೆಯ ಯಜಮಾನರು, 1987ರಲ್ಲಿ. ಅವರು 2009ರಲ್ಲಿ ತೀರಿಕೊಂಡಿದ್ದರು; ಉಯಿಲು ಇಲ್ಲ. ಖಾತೆ ಅವರ ಹೆಂಡತಿಯ ಹೆಸರಿಗೆ ಆಗಿತ್ತು. ಮಾರಲು ಮುಂದೆ ನಿಂತವರು ಇಬ್ಬರು ಗಂಡುಮಕ್ಕಳು. “ಖಾತೆ ಅಮ್ಮನ ಹೆಸರಲ್ಲಿದೆ, ಇ-ಖಾತೆನೂ ಬಂದಿದೆ, ಎಲ್ಲ ಕ್ಲಿಯರ್ ಮೇಡಂ” ಅನ್ನುತ್ತಿದ್ದರು. ಖಾತೆ ಎಂಬುದು ಕಂದಾಯ ಯಾರು ಕಟ್ಟಬೇಕು ಅಂತ ಹೇಳುವ ಕಾಗದ, ಮನೆ ಯಾರದು ಅಂತ ಹೇಳುವುದಲ್ಲ; ಇದನ್ನು ವಾರಕ್ಕೆ ನಾಲ್ಕು ಸಲ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನಾಡಕಚೇರಿಯಿಂದ ವಂಶವೃಕ್ಷ ತರಿಸಿದಾಗ ಇನ್ನೊಂದು ಹೆಸರು ಸಿಕ್ಕಿತು. ಒಬ್ಬ ಮಗಳು. ಮದುವೆಯಾಗಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ.

“ಅವಳಿಗೆ ಮದುವೆಲೇ ಎಲ್ಲ ಕೊಟ್ಟಾಗಿದೆ” ಎಂದರು ದೊಡ್ಡ ಮಗ. ಇನ್ನೊಬ್ಬರು, “2005ರ ಕಾನೂನು ಬರೋಕೆ ಮುಂಚೆನೇ ಮದುವೆ ಆಗಿದೆಯಲ್ಲ” ಅಂತ ಸೇರಿಸಿದರು. ತುಂಬ ಜನಕ್ಕೆ ಇಲ್ಲೇ ಗೊಂದಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ, ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ತಿದ್ದುಪಡಿ ಇರುವುದು ಪಿತ್ರಾರ್ಜಿತ ಆಸ್ತಿಗೆ. ಅಪ್ಪ ಸ್ವಂತ ದುಡಿದು ಕೊಂಡ ಮನೆ, ಉಯಿಲು ಬರೆಯದೆ ಹೋಗಿದ್ದರೆ, 1956ರ ಮೂಲ ಕಾಯಿದೆಯ ಪ್ರಕಾರವೇ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಮದುವೆ ಯಾವಾಗ ಆಯಿತು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಗಳದ್ದೇನೂ ತಕರಾರಿಲ್ಲ, ಪಾಪ. ವಿಡಿಯೋ ಕಾಲ್‌ನಲ್ಲಿ ಬಂದು “ಎಲ್ಲಿ ಸೈನ್ ಹಾಕಬೇಕು ಹೇಳಿ ಮೇಡಂ” ಅಂದರು. ತಮ್ಮನಿಗೆ ಜಿಪಿಎ, ಅಂದರೆ ತನ್ನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಕೊಡುವುದು ಅಂತಾಯಿತು. ಅಲ್ಲಿಂದ ಕೊಡುವ ಜಿಪಿಎ ಅಂದರೆ ಅಲ್ಲಿನ ಭಾರತೀಯ ಕಾನ್ಸುಲೇಟ್ ಮೂಲಕ ದೃಢೀಕರಿಸಿ, ಮೂಲಪ್ರತಿ ಇಲ್ಲಿಗೆ ಬಂದ ಮೇಲೆ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಡ್ರಾಫ್ಟ್ ಬರೆದವಳು ನಾನೇ. ತಮ್ಮನಿಗೆ ಅಕ್ಕನ ಪಾಲನ್ನು ‘ಕ್ರಯ ಮಾಡುವ’ ಅಧಿಕಾರ ಬರೆದೆ. ಆಕೆ ರಜೆ ಹಾಕಿ, ಅಪಾಯಿಂಟ್‌ಮೆಂಟ್ ಹಿಡಿದು, ಮಾಡಿಸಿ ಕಳಿಸಿದರು. ಕೊರಿಯರ್ ಬಂದಾಗ ಮೇ ಕೊನೆಯ ವಾರ.

ಆಗ ಆ ಮನೆಯವರ ಆಡಿಟರ್ ಒಂದು ಮಾತು ತೆಗೆದರು. 50 ಲಕ್ಷ ಮತ್ತು ಮೇಲ್ಪಟ್ಟ ಮನೆಗೆ ಕೊಳ್ಳುವವರು ಬೆಲೆಯಲ್ಲಿ ಶೇ. 1ರಷ್ಟನ್ನು ಟಿಡಿಎಸ್ (ಮಾರುವವರ ಆದಾಯ ತೆರಿಗೆಯ ಲೆಕ್ಕಕ್ಕೆ) ಅಂತ ಹಿಡಿದು ಕಟ್ಟಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ಮಾರುವವರಲ್ಲಿ ಒಬ್ಬರು ಎನ್‌ಆರ್‌ಐ ಆದರೆ ಅವರ ಪಾಲಿಗೆ ಆ ಶೇ. 1 ನಡೆಯುವುದಿಲ್ಲ. ದರ ಬೇರೆ, ಫಾರಂ ಬೇರೆ, ಆಗಿನ ನಿಯಮದಂತೆ ಮೇಷ್ಟ್ರು ಅದಕ್ಕೆಂದೇ ಟ್ಯಾನ್ (ತೆರಿಗೆ ಹಿಡಿದು ಕಟ್ಟುವವರಿಗೆ ಇಲಾಖೆ ಕೊಡುವ ನಂಬರ್) ಮಾಡಿಸಬೇಕಿತ್ತು. ಕಡಿಮೆ ದರಕ್ಕೆ ಸರ್ಟಿಫಿಕೇಟ್ ಬೇಕೆಂದರೆ ಇಲಾಖೆಗೆ ಅರ್ಜಿ ಹಾಕಿ ಕಾಯಬೇಕು. ಅದರ ಬದಲು ಮೂವರು ಮಕ್ಕಳೂ ಅಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟರೆ ಅಮ್ಮ ಒಬ್ಬರೇ ಮಾರಬಹುದು. ಖಾತೆ ಹೇಗೂ ಅವರ ಹೆಸರಲ್ಲೇ ಇದೆ. ಒಳ್ಳೆಯ ದಾರಿ. ನಾನು ಜಿಪಿಎ ತೆಗೆದು ನೋಡಿದೆ. ‘ಹಕ್ಕು ಬಿಡುಗಡೆ’ ಅನ್ನುವ ಮಾತೇ ಅದರಲ್ಲಿರಲಿಲ್ಲ.

ಎರಡು ಪದ. ಮೊದಲೇ ಸೇರಿಸಿದ್ದರೆ ಆಗುತ್ತಿತ್ತು. ಡ್ರಾಫ್ಟ್ ಮಾಡುವ ಮೊದಲು ಆಡಿಟರಿಗೆ ಒಂದು ಫೋನ್ ಮಾಡಿದ್ದರೂ ಆಗುತ್ತಿತ್ತು. ಎಲ್ಲ ಮತ್ತೆ ಮೊದಲಿಂದ: ಡ್ರಾಫ್ಟು, ಅಪಾಯಿಂಟ್‌ಮೆಂಟು, ಕೊರಿಯರ್ರು.

ಈ ಮಧ್ಯೆ ಇನ್ನೊಂದು ಕಡೆಯಿಂದ ಹಳೆಯ ಕಾಗದ ಎದ್ದು ಬಂತು. ಇ.ಸಿ., ಅಂದರೆ ಸ್ವತ್ತಿನ ಮೇಲೆ ಆದ ನೋಂದಣಿಗಳ ಪಟ್ಟಿ, ಆನ್‌ಲೈನ್‌ನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಅರ್ಜಿ ಕೊಟ್ಟು, ಕಚೇರಿಯವರು ಹಳೆಯ ಪುಸ್ತಕ ತಿರುವಿ ಹಾಕಿ, ಕೈಯಲ್ಲಿ ಬರೆದುಕೊಡಬೇಕು. ಹಾಗೆ ಬರೆಸಿಕೊಂಡ ಇ.ಸಿ.ಯಲ್ಲಿ 1991ರ ಒಂದು ಸಾಲು ಸಿಕ್ಕಿತು. ಮನೆ ಕಟ್ಟಲು ಯಜಮಾನರು ಒಂದು ಸಹಕಾರ ಸಂಘಕ್ಕೆ ಅಡಮಾನ ಪತ್ರ ನೋಂದಣಿ ಮಾಡಿಕೊಟ್ಟಿದ್ದರು. ಸಾಲ ಯಾವತ್ತೋ ತೀರಿದೆ. ಕೊನೆಯ ಕಂತಿನ ರಸೀದಿಯನ್ನು ಆ ಅಮ್ಮ ದೇವರ ಮನೆಯ ಪಂಚಾಂಗದೊಳಗೆ ಇಟ್ಟುಕೊಂಡಿದ್ದರು, ಮಡಿಕೆಯಲ್ಲಿ ಹರಿದು ನಾಲ್ಕು ಚೂರಾಗಿತ್ತು. ಆದರೆ ಸಾಲ ತೀರಿತು ಅಂತ ಸಂಘದವರು ಸಬ್ ರಿಜಿಸ್ಟ್ರಾರ್ ಹತ್ತಿರ ಬಂದು ಬರೆದುಕೊಟ್ಟಿರಲಿಲ್ಲ. ಪುಸ್ತಕದ ಪ್ರಕಾರ ಮನೆ ಮೂವತ್ತನಾಲ್ಕು ವರ್ಷದಿಂದ ಅಡವಿನಲ್ಲೇ ಇದೆ. ಹೊಸ ಬ್ಯಾಂಕು ಇದನ್ನು ಬಿಡುವುದಿಲ್ಲ. ಬಿಡಿ ಅಂತ ನಾನೂ ಹೇಳುವುದಿಲ್ಲ. ಸಂಘದ ಹಳೆಯ ಲೆಡ್ಜರ್ ಹುಡುಕಿಸಿ, ಅಧಿಕಾರ ಇರುವವರನ್ನು ಕರೆತಂದು ತೀರುವಳಿ ಪತ್ರ ನೋಂದಾಯಿಸಲು ಆರು ವಾರ ಹಿಡಿಯಿತು. ಇತ್ತೀಚಿನ ಬ್ಯಾಂಕ್ ಸಾಲಗಳಿಗಾದರೆ ರಿಸರ್ವ್ ಬ್ಯಾಂಕಿನ ನಿಯಮವಿದೆ: 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಟ್ಟು ಅಡಮಾನದ ನಮೂದು ತೆಗೆಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ. 1991ರ ಸಾಲಕ್ಕೆ ಯಾರನ್ನು ಕೇಳುವುದು?

ಎರಡನೇ ಜಿಪಿಎ ಬರುವಷ್ಟರಲ್ಲಿ ಆಷಾಢ. ಆಷಾಢದಲ್ಲಿ ಕ್ರಯ ಮಾಡಿಕೊಡುವುದಿಲ್ಲ ಅಂತ ಅಮ್ಮನವರು ಖಡಾಖಂಡಿತ ಹೇಳಿದರು. “ಮೂವತ್ತು ವರ್ಷಕ್ಕೂ ಮೇಲೆ ಬಾಳಿದ ಮನೆ ಕಣಮ್ಮ, ಒಂದು ತಿಂಗಳಿಗೆ ಓಡಿಹೋಗಲ್ಲ.” ನಾನು ಇಂಥದ್ದಕ್ಕೆ ಎದುರು ಮಾತಾಡುವುದಿಲ್ಲ, ಸಹಿ ಹಾಕುವ ಕೈ ಅವರದ್ದು. ಶ್ರಾವಣದಲ್ಲಿ ಬಿಡುಗಡೆ ಪತ್ರ ಆಯಿತು. ಅಷ್ಟರಲ್ಲಿ ಮೇಷ್ಟ್ರ ಸಾಲದ ಮಂಜೂರಾತಿ ಪತ್ರದ ಅವಧಿ ಮುಗಿದು ಮತ್ತೆ ಸಂಬಳದ ಸ್ಲಿಪ್ಪು, ಮತ್ತೆ ಸಿಬಿಲ್ಲು. ಅವರು ಜೂನ್‌ನಿಂದ ಮಾವನ ಮನೆಯಲ್ಲಿದ್ದರು. ಮಂಚ, ಫ್ರಿಜ್ಜು ಅಲ್ಲಿನ ಕಾರ್ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ.

ಗೌರಿ-ಗಣೇಶ ಕಳೆದು ಪಿತೃಪಕ್ಷ ಹಿಡಿಯುವುದರೊಳಗೆ, ಸೆಪ್ಟೆಂಬರ್ ಮೊದಲ ವಾರ, ಅಂತೂ ಸ್ಲಾಟ್ ಸಿಕ್ಕಿತು. ಆದರೆ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2 ಆಗಿತ್ತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ಅಂದರೆ 3,47,200. ಅದರಲ್ಲಿ ಬದಲಾವಣೆ ಇಲ್ಲ. ನೋಂದಣಿ ಶುಲ್ಕ ಮಾತ್ರ 62,000 ಇದ್ದದ್ದು 1,24,000. ಈ ಖರ್ಚನ್ನು ಮನೆಯ ಬೆಲೆಗೆ ಸೇರಿಸಿ ಬ್ಯಾಂಕು ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ಮೇಷ್ಟ್ರು ಚಲನ್ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಗಣಿತದವರು, ನಾನು ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ. ನನ್ನ ಫೀಸು ತೆಗೆದುಕೊಳ್ಳಲಿಲ್ಲ. ಅದು 62,000ದ ಹತ್ತಿರಕ್ಕೂ ಬರುವುದಿಲ್ಲ.

ನೋಂದಣಿ ಆಗಿದ್ದು ಇಪ್ಪತ್ತೇ ನಿಮಿಷದಲ್ಲಿ. ಅದರಲ್ಲೂ ಹತ್ತು ನಿಮಿಷ ಹೋಗಿದ್ದು ಅಮ್ಮನವರ ಹೆಬ್ಬೆರಳಿಗೆ. ಪಾತ್ರೆ ತಿಕ್ಕಿ, ಒರಳಲ್ಲಿ ರುಬ್ಬಿ ಗೆರೆಗಳೆಲ್ಲ ಸವೆದಿದ್ದವು, ಯಂತ್ರ ಹಿಡಿಯಲೇ ಇಲ್ಲ. ಆಪರೇಟರ್ ಹುಡುಗ ಒದ್ದೆ ಬಟ್ಟೆ ಕೊಟ್ಟ. ಅವರು ಸೆರಗಿನಲ್ಲೇ ಒರೆಸಿಕೊಂಡು ನಾಲ್ಕನೇ ಸಲ ಒತ್ತಿದಾಗ ಹಸಿರು ದೀಪ ಬಂತು.

ಈಗ ನಾನು ಕೆಲಸ ಮಾಡುವ ರೀತಿ ಸ್ವಲ್ಪ ಬದಲಾಗಿದೆ. ಪತ್ರ ನೋಡುವ ಮೊದಲು ದಿನದ ಲೆಕ್ಕ ಹೇಳುವುದಿಲ್ಲ. ಯಾರು ಫೋನ್ ಮಾಡಿದರೂ ಸರ್ವೆ ನಂಬರ್ ಕೇಳುವುದಕ್ಕೆ ಮುಂಚೆ, “ಮಾರೋರಿಗೆ ಅಕ್ಕ-ತಂಗಿಯರು ಎಷ್ಟು ಜನ, ಎಲ್ಲಿದ್ದಾರೆ?” ಎಂದು ಕೇಳುತ್ತೇನೆ. ಅರ್ಧ ಜನಕ್ಕೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ, ಅನ್ನಿಸಲಿ. ಒಬ್ಬರೇ ಮಾಲೀಕರು, ಅವರೇ ಕೊಂಡದ್ದು, ಬದುಕಿದ್ದಾರೆ, ಸಾಲ ಇಲ್ಲ ಅಂದರೆ ನನ್ನ ಅನುಭವದಲ್ಲಿ ಎರಡು ತಿಂಗಳು. ಬ್ಯಾಂಕ್ ಮೊದಲೇ ಒಪ್ಪಿದ ಪ್ರಾಜೆಕ್ಟಿನಲ್ಲಿ ಕಟ್ಟಿ ಮುಗಿದ ಫ್ಲಾಟಾದರೆ ತಿಂಗಳಲ್ಲೂ ಆಗುತ್ತದೆ. ಕಟ್ಟುತ್ತಿರುವ ಫ್ಲಾಟಿಗೆ ನಾನು ದಿನ ಹೇಳುವವಳಲ್ಲ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಬಿಲ್ಡರ್ ಬರೆದ ತಾರೀಖು ನೋಡಿ. ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಶೇ. 10ಕ್ಕಿಂತ ಹೆಚ್ಚು ಕೊಡಬೇಡಿ. ತೀರಿಹೋದವರ ಹೆಸರಿನ ಮನೆಯಾದರೆ ನಾಲ್ಕರಿಂದ ಎಂಟು ತಿಂಗಳು ಎನ್ನುತ್ತೇನೆ. ಕೇಳಿದವರ ಮುಖ ಸಣ್ಣದಾಗುತ್ತದೆ.

ಅಗ್ರಿಮೆಂಟಿನಲ್ಲೂ ಒಂದು ಸಾಲು ತಿದ್ದಿದ್ದೇನೆ. ಮುಂಚೆ ‘ಈ ದಿನದಿಂದ 90 ದಿನಗಳೊಳಗೆ’ ಎಂದು ಬರೆಯುತ್ತಿದ್ದೆ. ಈಗ ‘ಈ ಕೆಳಕಂಡ ದಾಖಲೆಗಳೆಲ್ಲವನ್ನೂ ಒಂದನೇ ಪಾರ್ಟಿಯವರು ಎರಡನೇ ಪಾರ್ಟಿಯವರಿಗೆ ತಲುಪಿಸಿದ ದಿನದಿಂದ 60 ದಿನಗಳೊಳಗೆ’ ಅಂತ ಬರೆದು, ಕೆಳಗೆ ವಂಶವೃಕ್ಷದಿಂದ ಹಿಡಿದು 2004ರ ಹಿಂದಿನ ಇ.ಸಿ.ವರೆಗೆ ಪಟ್ಟಿ ಹಾಕುತ್ತೇನೆ. ಮಾರುವವರಿಗೆ ಇಷ್ಟವಾಗುವುದಿಲ್ಲ. ಒಂದಿಬ್ಬರು ಬೇರೆ ಲಾಯರ್ ಹತ್ತಿರ ಹೋಗಿದ್ದಾರೆ.

ಮೇಷ್ಟ್ರ ಹೆಂಡತಿ ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದರು. ಆ ಮನೆಯ ಕರೆಂಟ್ ಬಿಲ್ಲು. ಹೆಸರಿನ ಜಾಗದಲ್ಲಿ ಇನ್ನೂ 2009ರಲ್ಲಿ ತೀರಿಕೊಂಡ ಯಜಮಾನರೇ ಇದ್ದಾರೆ. ಕೆಳಗೆ ಆಕೆ ಬರೆದಿದ್ದರು: “ಮೇಡಂ, ಇದಕ್ಕೆ ಎಷ್ಟು ದಿನ ಆಗುತ್ತೆ?”

ಮರಣ ಪ್ರಮಾಣಪತ್ರದ ಪ್ರತಿ ನಿಮ್ಮ ಹತ್ತಿರ ಇದೆಯಾ ಅಂತ ತಿರುಗಿ ಕೇಳಿದ್ದೇನೆ.