ರೀಕಾಲ್ ಆದ ಗಾಡಿ ಮತ್ತೆ ಯಾಕೆ ರೀಕಾಲ್ ಆಯಿತು?

ಮಂಗಳೂರಿನ ಒಂದು ಸರ್ವಿಸ್ ಸೆಂಟರ್‌ನಲ್ಲಿ ನಾನು ಫ್ಲೋರ್ ಸೂಪರ್‌ವೈಸರ್. ಹೊಸದಾಗಿ ಸೇರಿದ ಐಟಿಐ ಹುಡುಗರ ಕೈಗೆ ಸಸ್ಪೆನ್ಷನ್ ಕೆಲಸ ಕೊಡುವ ಮೊದಲು, ನಮ್ಮ ಕಂಪನಿಯದ್ದೂ ಅಲ್ಲದ, ನಮ್ಮ ದೇಶದ್ದೂ ಅಲ್ಲದ ಒಂದು ಪ್ರಕರಣ ಹೇಳುತ್ತೇನೆ. ನಮ್ಮಲ್ಲೇ ನಡೆದದ್ದನ್ನು ಹೇಳಿದರೆ ಯಾರೋ ಒಬ್ಬರ ಮುಖ ಸಣ್ಣದಾಗುತ್ತದೆ; ದೂರದ್ದಾದರೆ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ.

2012ರ ಆಗಸ್ಟ್‌ನಲ್ಲಿ ಟೊಯೊಟಾ ಅಮೆರಿಕದಲ್ಲಿ ಸುಮಾರು 7 ಲಕ್ಷ 60 ಸಾವಿರ ರಾವ್-4 ಗಾಡಿಗಳನ್ನು ರೀಕಾಲ್ ಮಾಡಿತು, ಅಂದರೆ ದೋಷ ಸರಿಪಡಿಸಿ ಕೊಡಲು ವಾಪಸ್ ಕರೆಸಿತು. ಜೊತೆಗೆ 18 ಸಾವಿರದಷ್ಟು ಲೆಕ್ಸಸ್ ಸೆಡಾನ್‌ಗಳು. ರಾವ್-4 ಅಂದರೆ ಅಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು, ವಾರದ ಸಾಮಾನು ತರಲು ಇಟ್ಟುಕೊಳ್ಳುವ ಮನೆ ಗಾಡಿ. ದೋಷ ಇದ್ದದ್ದು ಹಿಂದಿನ ಸಸ್ಪೆನ್ಷನ್ನಿನ ಒಂದು ಆರ್ಮ್‌ನಲ್ಲಿ, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳಿನಲ್ಲಿ. ಆ ಆರ್ಮ್‌ನ ಉದ್ದವನ್ನು ಥ್ರೆಡ್ ತಿರುಗಿಸಿ ಹೆಚ್ಚು ಕಡಿಮೆ ಮಾಡಿದರೆ ಹಿಂದಿನ ಚಕ್ರದ ಟೋ, ಅಂದರೆ ಚಕ್ರ ಒಳಗೋ ಹೊರಗೋ ಮುಖ ಮಾಡಿರುವ ಕೋನ, ಸೆಟ್ ಆಗುತ್ತದೆ. ಸೆಟ್ ಆದ ಮೇಲೆ ಲಾಕ್ ನಟ್ ಬಿಗಿ ಮಾಡಬೇಕು. ಆ ನಟ್ ಹೇಳಿದಷ್ಟು ಟಾರ್ಕ್‌ಗೆ, ಅಂದರೆ ಬಿಗಿಯುವ ಬಲಕ್ಕೆ, ಕೂರಲಿಲ್ಲವೆಂದರೆ ಥ್ರೆಡ್‌ನಲ್ಲಿ ಕೂದಲೆಳೆಯಷ್ಟು ಆಟ ಹುಟ್ಟುತ್ತದೆ, ಆ ಆಟದ ಸಂದಿಗೆ ನೀರು ಇಳಿಯುತ್ತದೆ, ತುಕ್ಕು ಹಿಡಿದು ಥ್ರೆಡ್ ಸವೆಯುತ್ತದೆ. ಕೊನೆಗೆ ಓಡುವ ಗಾಡಿಯಲ್ಲೇ ಆರ್ಮ್ ಕಳಚಿಕೊಳ್ಳಬಹುದು. ಹಿಂದಿನ ಚಕ್ರ ತನಗೆ ಬೇಕಾದ ಕಡೆ ತಿರುಗಿದರೆ ಮುಂದೆ ಸ್ಟೀರಿಂಗ್ ಹಿಡಿದವರು ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಡೀಲರ್‌ಗಳಿಗೆ ಹೋದ ಸೂಚನೆ ಸರಳವಾಗಿತ್ತು. ಆರ್ಮ್ ಪರೀಕ್ಷಿಸಿ, ಆಟವೋ ತುಕ್ಕೋ ಕಂಡರೆ ಬದಲಿಸಿ. ಆದರೂ ಮರುವರ್ಷ, 2013ರ ಸೆಪ್ಟೆಂಬರ್‌ನಲ್ಲಿ, ಅದೇ ಗಾಡಿಗಳನ್ನು ಅದೇ ದೋಷಕ್ಕೆ ಮತ್ತೊಮ್ಮೆ ಕರೆಸಬೇಕಾಯಿತು. ಈ ಸಲ 7 ಲಕ್ಷ 80 ಸಾವಿರ. ಪರೀಕ್ಷೆ ಮುಗಿಸಿ ಹೋದ ಕೆಲವು ಗಾಡಿಗಳಲ್ಲೂ ಆರ್ಮ್ ಕೈಕೊಟ್ಟಿತ್ತು. ಟೆಕ್ನಿಷಿಯನ್‌ಗಳು ಆ ಪರೀಕ್ಷೆಯನ್ನು ಹೇಳಿದ ಕ್ರಮದಲ್ಲಿ ಮಾಡಿರಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ.

ಇಷ್ಟು ಹೇಳಿ ಹುಡುಗರನ್ನು ಕೇಳುತ್ತೇನೆ: ತಪ್ಪು ಯಾರದ್ದು? ಅರ್ಧ ಜನ ಮೆಕ್ಯಾನಿಕ್ ಅನ್ನುತ್ತಾರೆ, ಅರ್ಧ ಜನ ಕಂಪನಿ. ನನಗೆ ಕೇಳಿದರೆ, ಗಾಡಿಯ ಹೊಟ್ಟೆಯಡಿ, ಕೆಸರು ನೀರು ಬಡಿಯುವ ಜಾಗದಲ್ಲಿರುವ ಒಂದು ಲಾಕ್ ನಟ್ ಮೇಲೆ ಇಡೀ ಚಕ್ರದ ಹಣೆಬರಹ ನಿಂತಿದೆ ಎಂದಾದರೆ ಆ ಡಿಸೈನೇ ಕುಂಟು. ಚಕ್ರದ ಈ ಕೋನ ಸರಿಮಾಡುವ ಅಲೈನ್‌ಮೆಂಟ್ ಅನ್ನು ಎಲ್ಲಿ ಬೇಕಾದರೂ ಮಾಡಿಸುತ್ತಾರೆ. ಟೈರ್ ಅಂಗಡಿಯವರೂ ಮಾಡುತ್ತಾರೆ. ಎಲ್ಲ ಕೈಗಳೂ ಒಂದೇ ಟಾರ್ಕ್ ಕೊಡುತ್ತವೆ ಎಂದು ನಂಬಿ ಗಾಡಿ ಮಾಡಬಾರದು. ಆದರೆ ಎರಡನೇ ರೀಕಾಲ್‌ನ ಹೊಣೆ ಡಿಸೈನ್ ಮಾಡಿದವನ ತಲೆಗೆ ಕಟ್ಟಲು ಬರುವುದಿಲ್ಲ ಮಾರಾಯ್ರೆ. ಅದು ಪೂರ್ತಿ ನಮ್ಮ ಜಾತಿಯವರದ್ದು, ಸ್ಪ್ಯಾನರ್ ಹಿಡಿದವರದ್ದು, ಅವರ ಮೇಲೆ ಕೂತ ನನ್ನಂಥ ಸೂಪರ್‌ವೈಸರ್‌ಗಳದ್ದು.

ನಮ್ಮ ಕಡೆ ಸಸ್ಪೆನ್ಷನ್ ಸಾಯುವುದು ಬೇಗ. ಶಿರಾಡಿ ಘಾಟಿ ಇಳಿದು ಬರುವ ಗಾಡಿಗಳ ಅಡಿ ನೋಡಿದರೆ ಅವು ಯಾವ ತಿಂಗಳಲ್ಲಿ ಬಂದವು ಎಂದು ಹೇಳಬಹುದು. ಮಳೆಗಾಲದಲ್ಲಿ ಹೊಂಡ, ನೀರು. ವರ್ಷವಿಡೀ ಕಡಲಿನ ಉಪ್ಪು ಗಾಳಿ. ಲಿಂಕ್ ರಾಡ್ ಮೊದಲು, ಆಮೇಲೆ ಕೆಳಗಿನ ತೋಳಿನ ರಬ್ಬರ್, ಅಂದರೆ ಲೋವರ್ ಆರ್ಮ್ ಬುಷ್, ಆಮೇಲೆ ಗುಂಡಿನ ಹಾಗೆ ಎಲ್ಲ ಕಡೆ ತಿರುಗುವ ಕೀಲು, ಅಂದರೆ ಬಾಲ್ ಜಾಯಿಂಟ್. ಏಳು ಸೀಟಿನ ಗಾಡಿಗೆ ಎಂಟು ಒಂಬತ್ತು ಜನ ಹತ್ತಿ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಹೊರಟರೆ ಅದರ ಲೆಕ್ಕವನ್ನೂ ಅದೇ ರಬ್ಬರ್ ತುಂಬಬೇಕು.

ಆ ಬುಷ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸ ಪಾರ್ಟ್ ಹಾಕಿಯೂ ಗಾಡಿ ಹಾಳು ಮಾಡುವ ದಾರಿ ಇಲ್ಲೇ ಇರುವುದು. ಲೋವರ್ ಆರ್ಮ್‌ನ ಒಳತುದಿಯಲ್ಲಿ ದಪ್ಪ ರಬ್ಬರ್, ಅದರ ನಡುವೆ ಕಬ್ಬಿಣದ ಸ್ಲೀವ್, ಸ್ಲೀವ್ ಒಳಗೆ ಬೋಲ್ಟ್. ಬೋಲ್ಟ್ ಬಿಗಿಯಾದ ಕೂಡಲೇ ಸ್ಲೀವ್ ಅಲ್ಲಾಡದಂತೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ. ಈಗ ಗಾಡಿ ಟೂ ಪೋಸ್ಟ್ ಲಿಫ್ಟ್ ಮೇಲಿದೆ, ಚಕ್ರ ನೇತಾಡುತ್ತಿದೆ, ಹುಡುಗ ಏರ್ ಗನ್ ಇಟ್ಟು ಬೋಲ್ಟ್ ಬಿಗಿದ ಅಂದುಕೊಳ್ಳಿ. ಆ ನೇತಾಡುವ ಭಂಗಿಯೇ ರಬ್ಬರಿಗೆ ಆರಾಮದ ಭಂಗಿ ಆಗಿಬಿಡುತ್ತದೆ. ಗಾಡಿ ಕೆಳಗಿಳಿಸಿ ನೆಲದ ಮೇಲೆ ಸುಮ್ಮನೆ ನಿಲ್ಲಿಸಿದರೂ ರಬ್ಬರ್ ಒದ್ದೆ ಬಟ್ಟೆ ಹಿಂಡಿ ಹಿಡಿದ ಹಾಗೆ ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಹೊಂಡ ಬಿದ್ದಾಗಲೆಲ್ಲ ಇನ್ನಷ್ಟು. ಕೆಲವು ತಿಂಗಳಲ್ಲಿ ಬುಷ್ ಒಂದೇ ಬದಿಯಲ್ಲಿ ಬಾಯಿ ಬಿಡುತ್ತದೆ. ಗಿರಾಕಿ ಬಂದು 'ಹೊಸದು ಹಾಕಿಸಿದ್ದೇ ಅಲ್ವಾ?' ಎಂದು ಬೈಯುತ್ತಾರೆ, ನಾವು 'ಪಾರ್ಟ್ ಕ್ವಾಲಿಟಿ ಈಗ ಮೊದಲಿನಂತಿಲ್ಲ ಸಾರ್' ಎಂದು ಜಾರಿಕೊಳ್ಳುತ್ತೇವೆ.

ಸರಿಯಾದ ಕ್ರಮ ಸರ್ವಿಸ್ ಮ್ಯಾನುಯಲ್‌ನಲ್ಲಿ ಉಂಟು. ಬೋಲ್ಟ್ ಕೈಬಿಗಿ ಮಾತ್ರ ಮಾಡಿ, ಚಕ್ರದ ಮೇಲೆ ಗಾಡಿಯ ಭಾರ ಬಿಡಬೇಕು. ಅಥವಾ ಆರ್ಮ್ ಅಡಿಗೆ ಜ್ಯಾಕ್ ಕೊಟ್ಟು ಗಾಡಿ ನೆಲದ ಮೇಲೆ ನಿಲ್ಲುವ ಎತ್ತರಕ್ಕೆ ಎತ್ತಬೇಕು. ಆಮೇಲೆ ಟಾರ್ಕ್ ರೆಂಚ್. ಹೆಚ್ಚು ಹಿಡಿಯುವ ಸಮಯ ಕಾಲು ಗಂಟೆ. ಆ ಕಾಲು ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ ಎನ್ನುವುದೇ ಎಲ್ಲ ಕಥೆಯ ಬುಡ. ಅದಕ್ಕೆ ಆಮೇಲೆ ಬರುತ್ತೇನೆ.

ಹುಡುಗರ ಇನ್ನೊಂದು ನಂಬಿಕೆ: ಸೌಂಡ್ ಇಲ್ಲದಿದ್ದರೆ ಸಸ್ಪೆನ್ಷನ್ ಸರಿ ಇದೆ. ಹಂಪ್ ಹತ್ತಿಸಿ ನೋಡಿದೆ, ಏನೂ ಕಟಕಟ ಇಲ್ಲ, ಓಕೆ ಸಾರ್. ಇದಕ್ಕೆ ನನ್ನ ಬಳಿ ಇರುವ ಮದ್ದು ಫೋರ್ಡ್ ಎಕ್ಸ್‌ಪ್ಲೋರರ್. ಅದೂ ಅಮೆರಿಕದ ಮನೆಮಂದಿಯ ಗಾಡಿ, ಮೂರು ಸಾಲು ಸೀಟು. ಹಿಂದಿನ ಚಕ್ರದ ಟೋ ಹಿಡಿದಿಡುವ ಟೋ ಲಿಂಕ್ ತುಂಡಾಗುವ ದೋಷಕ್ಕೆ 2019ರಲ್ಲಿ ಒಂದು ರೀಕಾಲ್, 2021ರ ಜುಲೈನಲ್ಲಿ ಇನ್ನೊಂದು. ಎರಡನೆಯದರಲ್ಲಿ 2013ರಿಂದ 2017ರವರೆಗಿನ ಮಾಡೆಲ್‌ಗಳು, ಜಗತ್ತಿನಾದ್ಯಂತ ಸುಮಾರು 7 ಲಕ್ಷ 75 ಸಾವಿರ. ಅಲ್ಲಿ ಬಾಲ್ ಜಾಯಿಂಟ್ ಸಡಿಲ ಆಗಿರಲಿಲ್ಲ, ಜಾಮ್ ಆಗಿತ್ತು. ಜಾಯಿಂಟ್ ಆಡುತ್ತಿದ್ದರೆ ಲಿಂಕ್ ಮೇಲೆ ಬೀಳುವುದು ಎಳೆಯುವ, ತಳ್ಳುವ ಭಾರ ಮಾತ್ರ. ಅದೇ ಜಾಯಿಂಟ್ ಕಚ್ಚಿಕೊಂಡರೆ ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ಲಿಂಕ್ ಬಾಗಬೇಕು. ಬಾಗಿ ಬಾಗಿ ಒಂದು ದಿನ ತುಂಡು. ಸಡಿಲವಾದ ಜಾಯಿಂಟ್ ಕಟಕಟ ಎಂದು ಬೊಬ್ಬೆ ಹಾಕಿ ಕರೆಯುತ್ತದೆ, ಕಚ್ಚಿಕೊಂಡದ್ದು ತೆಪ್ಪಗಿರುತ್ತದೆ. ಹಾಗಾಗಿ ಕಿವಿಯನ್ನು ಮಾತ್ರ ನಂಬಬೇಡಿ, ರಬ್ಬರ್ ಬೂಟ್ ಹರಿದಿದೆಯಾ ನೋಡಿ, ಹರಿದಿದ್ದರೆ ಬಿಚ್ಚಿ ಕೈಯಲ್ಲಿ ತಿರುಗಿಸಿ ನೋಡಿ ಎನ್ನುತ್ತೇನೆ. ಬೂಟ್ ಹರಿದು ಗ್ರೀಸ್ ಹೋಗಿ ಒಳಗೆ ನೀರು ಸೇರಿದ ಜಾಯಿಂಟ್ ಸಡಿಲವೂ ಆಗಬಹುದು, ಜಾಮೂ ಆಗಬಹುದು.

ಇನ್ನು ರೀಕಾಲ್‌ನ ಕಾಗದ ಪತ್ರದ ಕಡೆ.

ಕಳೆದ ಮಳೆಗಾಲದಲ್ಲಿ ಪುತ್ತೂರು ಕಡೆಯ ಒಬ್ಬರು ಮೇಷ್ಟ್ರು ಗಾಡಿ ತಂದರು. ಅವರು ತಂದದ್ದು ಆಯಿಲ್ ಸರ್ವಿಸ್‌ಗೆ, ಬೇರೆ ಯಾವ ದೂರೂ ಇರಲಿಲ್ಲ. ರಿಸೆಪ್ಷನ್‌ನಲ್ಲಿ ಚಾಸಿಸ್ ನಂಬರ್ ಹಾಕಿದ ಕೂಡಲೇ ಸ್ಕ್ರೀನ್ ಮೇಲೆ ಕೆಂಪು ಪಟ್ಟಿ: ಮುಂಭಾಗದ ಸಸ್ಪೆನ್ಷನ್ ಕ್ಯಾಂಪೇನ್ ಬಾಕಿ. ಕ್ಯಾಂಪೇನ್ ಅಂದರೆ ನಮ್ಮ ಭಾಷೆಯಲ್ಲಿ ರೀಕಾಲ್ ಕೆಲಸ. ಸರ್ವಿಸ್ ಅಡ್ವೈಸರ್ ಹುಡುಗಿ ಅದನ್ನು ನೋಡಿ ನನ್ನನ್ನು ಕರೆದಳು. ಕ್ಯಾಂಪೇನ್ ಶುರುವಾಗಿ ಎರಡು ವರ್ಷ ಆಗಿತ್ತು.

'ನನಗೆ ಒಂದು ಫೋನಾದರೂ ಮಾಡಬಹುದಿತ್ತಲ್ಲ? ದಿನಾ ಮಗಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು.'

'ಸಾರ್, ಗಾಡಿ ನೀವು ಸೆಕೆಂಡ್ ಹ್ಯಾಂಡ್ ತಗೊಂಡದ್ದಾ?'

'ಹೌದು. ಬೆಂಗಳೂರಿನವರಿಂದ. ಆರ್‌ಸಿ ನನ್ನ ಹೆಸರಿಗೆ ಆಗಿದೆ.'

ಆರ್‌ಸಿ ಅವರ ಹೆಸರಿಗೆ ಆಗಿತ್ತು. ನಮ್ಮ ಸಿಸ್ಟಮ್‌ನಲ್ಲಿ ಇದ್ದದ್ದು ಮಾತ್ರ ಮೊದಲ ಮಾಲೀಕರ ಹೆಸರು, ಅವರ ಮೊಬೈಲ್ ನಂಬರ್, ಅವರ ಬೆಂಗಳೂರು ವಿಳಾಸ. ಮೆಸೇಜ್, ಪತ್ರ, ಕಾಲ್ ಎಲ್ಲ ಅಲ್ಲಿಗೇ ಹೋಗಿತ್ತು. ಗಾಡಿ ಮಾರಿದವರಿಗೆ ಅದರ ಗೊಡವೆ ಯಾಕೆ? ಮೇಷ್ಟ್ರು ಅಷ್ಟರವರೆಗೆ ಸರ್ವಿಸ್ ಮಾಡಿಸುತ್ತಿದ್ದದ್ದು ಊರಿನ ಗ್ಯಾರೇಜಿನಲ್ಲಿ. ಆ ಗ್ಯಾರೇಜಿನವರನ್ನು ದೂರುವಂತಿಲ್ಲ, ಅವರ ಬಳಿ ಈ ಕೆಂಪು ಪಟ್ಟಿ ತೋರಿಸುವ ಕಂಪ್ಯೂಟರೇ ಇಲ್ಲ. ಅಮೆರಿಕದಲ್ಲಿ ಕಂಪನಿಗಳು ಸರಕಾರದ ನೋಂದಣಿ ದಾಖಲೆಯಿಂದ ಈಗಿನ ಮಾಲೀಕರ ವಿಳಾಸ ಪಡೆದು ಅಂಚೆಯಲ್ಲಿ ನೋಟಿಸ್ ಕಳಿಸಬೇಕು. ನಮ್ಮಲ್ಲಿ ಶೋರೂಮ್‌ನ ಹಳೆ ಎಕ್ಸೆಲ್ ಶೀಟೇ ಗತಿಯಾದ ಕಡೆ ಇನ್ನೇನಾಗುತ್ತದೆ? ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ದಯವಿಟ್ಟು ಚಾಸಿಸ್ ನಂಬರ್ ಹಿಡಿದು ಒಮ್ಮೆ ಆ ಕಂಪನಿಯ ಯಾವುದಾದರೂ ಸರ್ವಿಸ್ ಸೆಂಟರ್‌ನಲ್ಲಿ ಬಾಕಿ ಕ್ಯಾಂಪೇನ್ ಇದೆಯಾ ಎಂದು ಕೇಳಿ, ನಿಮ್ಮ ನಂಬರ್ ಅಪ್‌ಡೇಟ್ ಮಾಡಿಸಿ. ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲೂ ನೋಡಬಹುದು. ಕೆಲಸಕ್ಕೂ ಪಾರ್ಟ್‌ಗೂ ದುಡ್ಡು ಕೊಡಬೇಕಿಲ್ಲ.

ಕಾನೂನು ನಮ್ಮಲ್ಲೂ ಬಂದಿದೆ. 2012ರ ಜುಲೈನಿಂದ ವಾಹನ ತಯಾರಕರ ಸಂಘ ಸಿಯಾಮ್‌ನ ಸ್ವಯಂಪ್ರೇರಿತ ರೀಕಾಲ್ ಸಂಹಿತೆ ಇತ್ತು. ಅಂದರೆ ಕಂಪನಿಗೆ ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸರಕಾರಕ್ಕೇ ರೀಕಾಲ್ ಆದೇಶ ಮಾಡುವ ಅಧಿಕಾರ ಕೊಟ್ಟಿತು. 2021ರ ಏಪ್ರಿಲ್ 1ರಿಂದ ನಿಯಮ ಜಾರಿಗೆ ಬಂತು. ದಂಡ 1 ಕೋಟಿ ರೂಪಾಯಿವರೆಗೆ. ಆದರೆ ಅದು ಏಳು ವರ್ಷದೊಳಗಿನ ಗಾಡಿಗಳಿಗೆ. ನನಗೆ ಇದು ಸರಿ ಕಾಣುವುದಿಲ್ಲ. ತುಕ್ಕಿನಿಂದ ಬರುವ ಸಸ್ಪೆನ್ಷನ್ ದೋಷ ತಲೆ ಎತ್ತುವುದೇ ಐದಾರು ವರ್ಷದ ಮೇಲೆ. ಮೊದಲ ರೀಕಾಲ್ ಹೊತ್ತಿಗೆ ಆ ರಾವ್-4ಗಳಲ್ಲಿ 2006ರ ಮಾಡೆಲ್‌ಗಳಿಗೆ ಆರು ವರ್ಷ, ಎರಡನೆಯದರ ಹೊತ್ತಿಗೆ ಏಳು. ನಮ್ಮ ಲೆಕ್ಕದಲ್ಲಿ ಬಾಗಿಲು ಮುಚ್ಚುವ ಸಮಯ. ಅಮೆರಿಕದಲ್ಲಿ ಉಚಿತ ರಿಪೇರಿಯ ಮಿತಿ ಹತ್ತು ವರ್ಷ ಇದ್ದದ್ದನ್ನು 2015ರ ಕಾಯ್ದೆ ಹದಿನೈದಕ್ಕೆ ಏರಿಸಿತು. ನಮ್ಮಲ್ಲಿ ಏಳು ವರ್ಷದ ಗಾಡಿಯನ್ನು ಯಾರೂ ಗುಜರಿಗೆ ಹಾಕುವುದಿಲ್ಲ, ಎರಡನೆಯವರ, ಮೂರನೆಯವರ ಕೈಯಲ್ಲಿ ಅದು ಇನ್ನೂ ಏಳೆಂಟು ವರ್ಷ ಓಡುತ್ತದೆ.

ನಿಯಮದ ಪ್ರಕಾರ ಸರಕಾರ ಕೈಹಾಕಲು ಒಂದೆರಡು ದೂರು ಸಾಲದು, ಮಾರಾಟಕ್ಕೆ ತಕ್ಕಂತೆ ಇಷ್ಟು ದೂರು ಎಂಬ ಮಿತಿ ಉಂಟು. ದೂರು ಲೆಕ್ಕಕ್ಕೆ ಬರಬೇಕಾದರೆ ಅದು ಎಲ್ಲಾದರೂ ಸರಿಯಾಗಿ ದಾಖಲಾಗಬೇಕಲ್ಲ? ನಮ್ಮ ಜಾಬ್ ಕಾರ್ಡ್‌ಗಳನ್ನು ನೋಡಿದರೆ ನಗು ಬರುತ್ತದೆ: 'ಫ್ರಂಟ್ ನಾಯ್ಸ್ ಅಟೆಂಡೆಡ್.' ಯಾವ ಜಾಯಿಂಟ್, ಎಡವೋ ಬಲವೋ, ಎಷ್ಟು ಕಿಲೋಮೀಟರ್ ಓಡಿದಾಗ, ಬದಲಿಸಿದ್ದೋ ಬರೇ ಟೈಟ್ ಮಾಡಿದ್ದೋ, ಒಂದೂ ಇಲ್ಲ. ಹತ್ತು ಊರಲ್ಲಿ ಹತ್ತು ಗಾಡಿಯ ಒಂದೇ ಬಾಲ್ ಜಾಯಿಂಟ್ ಕೈಕೊಟ್ಟರೂ ಈ ಬರವಣಿಗೆಯಿಂದ ಕಂಪನಿಯ ಇಂಜಿನಿಯರ್‌ಗೆ ಏನೂ ತಿಳಿಯುವುದಿಲ್ಲ. ಗಿರಾಕಿಗಳಿಗೂ ಅದನ್ನೇ ಹೇಳುತ್ತೇನೆ: ಸಹಿ ಹಾಕುವ ಮೊದಲು ಪಾರ್ಟ್‌ನ ಹೆಸರು ಬರೆಸಿ, ಹಳೆ ಪಾರ್ಟ್ ತೋರಿಸಲು ಹೇಳಿ.

ಮೇಷ್ಟ್ರ ಗಾಡಿ ಲಿಫ್ಟ್‌ಗೆ ಏರಿಸಿದಾಗ ಎಡಗಡೆ ಬಾಲ್ ಜಾಯಿಂಟ್‌ನ ಬೂಟ್ ಹರಿದಿತ್ತು. ಲಿವರ್ ಕೊಟ್ಟು ಮೀಟಿದರೆ ಕಣ್ಣಿಗೆ ಕಾಣುವಷ್ಟು ಆಟ. ಬಲಗಡೆ ಪರವಾಗಿಲ್ಲ ಅನಿಸಿತು. ಕ್ಯಾಂಪೇನ್ ಶೀಟ್‌ನಲ್ಲಿ ಎರಡೂ ಬದಲಿಸಿ ಎಂದಿತ್ತು, ಎರಡನ್ನೂ ಬದಲಿಸಿದೆವು. ಅವರು ಕೆಳಗೆ ನಿಂತು ನೋಡುತ್ತೇನೆ ಎಂದರು. ಬೇ ಒಳಗೆ ಗಿರಾಕಿಗಳನ್ನು ಬಿಡಬಾರದು ಎಂಬ ಬೋರ್ಡ್ ಇದೆ. ಹೆಲ್ಮೆಟ್ ಹಾಕಿಸಿ ಬಿಟ್ಟೆ.

ಈಗ ಆ ಕಾಲು ಗಂಟೆಯ ಮಾತು. ಕ್ಯಾಂಪೇನ್ ಕೆಲಸಕ್ಕೆ ಕಂಪನಿ ಇಂತಿಷ್ಟು ಸಮಯ ಎಂದು ನಿಗದಿ ಮಾಡಿ ಅಷ್ಟಕ್ಕೇ ಲೇಬರ್ ಕೊಡುತ್ತದೆ. ಹೊಸ ಗಾಡಿಯಲ್ಲಿ, ತುಕ್ಕಿಲ್ಲದ ಬೋಲ್ಟ್ ಬಿಚ್ಚಿ ಹಾಕಲು ಆ ಸಮಯ ಸಾಕು. ಕರಾವಳಿಯ ಗಾಡಿಯಲ್ಲಿ ಬೋಲ್ಟ್ ಮತ್ತು ಸ್ಲೀವ್ ಒಂದೇ ತುಂಡಿನ ಹಾಗೆ ಹಿಡಿದಿರುತ್ತವೆ. ಬಿಸಿ ಮಾಡಬೇಕು, ಬಡಿಯಬೇಕು, ಕೆಲವೊಮ್ಮೆ ಕಟ್ ಮಾಡಬೇಕು. ಸಮಯ ಅಲ್ಲೇ ಮುಗಿದಿರುತ್ತದೆ. ಇನ್ಸೆಂಟಿವ್ ಗಾಡಿ ಲೆಕ್ಕದಲ್ಲಿ ಸಿಗುವ ಟೆಕ್ನಿಷಿಯನ್ ಎಲ್ಲಿ ಉಳಿಸುತ್ತಾನೆ? ಟಾರ್ಕ್ ರೆಂಚ್‌ನಲ್ಲಿ, ಪರೀಕ್ಷೆಯಲ್ಲಿ, ಕಾಣದ ಕಡೆ. ಶೀಟ್‌ನಲ್ಲಿ ಎಲ್ಲದಕ್ಕೂ ಟಿಕ್ ಬಿದ್ದಿರುತ್ತದೆ. ಆ ರಾವ್-4ಗಳ ವರ್ಕ್‌ಶಾಪ್‌ಗಳಲ್ಲಿ ಏನಾಯಿತೋ ನಾನು ನೋಡಿಲ್ಲ, ಆದರೆ ನಮ್ಮ ಫ್ಲೋರ್‌ನಲ್ಲಿ ಟಿಕ್ ಹೇಗೆ ಬೀಳುತ್ತದೆ ಎಂದು ಚೆನ್ನಾಗಿ ಬಲ್ಲೆ.

ಹಾಗಾಗಿ ನಮ್ಮಲ್ಲಿ ಕೆಲವು ಪದ್ಧತಿ ಇಟ್ಟುಕೊಂಡಿದ್ದೇವೆ. ಸಸ್ಪೆನ್ಷನ್ ಬೋಲ್ಟ್‌ಗೆ ಗನ್ ಬಿಚ್ಚಲು ಮಾತ್ರ. ಫೈನಲ್ ಟಾರ್ಕ್ ಕೊಡುವವನು ಒಬ್ಬ, ನೋಡಿ ಹಳದಿ ಪೇಂಟ್ ಗೆರೆ ಎಳೆಯುವವನು ಇನ್ನೊಬ್ಬ, ಇಬ್ಬರ ಸಹಿ. ಗೆರೆ ಎಳೆದ ಬೋಲ್ಟ್‌ನ ಫೋಟೋ ಜಾಬ್ ಕಾರ್ಡ್ ಜೊತೆ ಹೋಗುತ್ತದೆ. ತಲೆಯಲ್ಲಿ ಕಚ್ಚು ಇರುವ ಕ್ಯಾಸಲ್ ನಟ್ ಇರುವಲ್ಲಿ, ಅದು ತಿರುಗದಂತೆ ತೂರಿಸುವ ಸ್ಪ್ಲಿಟ್ ಪಿನ್ ಹೊಸದೇ, ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ತೂರಿಸುವ ಜಾಣತನ ಬೇಡ. ಕ್ಯಾಂಪೇನ್ ಗಾಡಿಗಳನ್ನು ಇನ್ಸೆಂಟಿವ್ ಲೆಕ್ಕದಿಂದ ಹೊರಗಿಡಿ ಎಂದು ಮ್ಯಾನೇಜರ್ ಹತ್ತಿರ ಜಗಳ ಆಡಿ ಒಪ್ಪಿಸಿದ್ದಾಯಿತು. ಹುಡುಗರ ಕೈ ನಿಧಾನವಾದದ್ದು ಅದರಿಂದ, ನನ್ನ ರಾವ್-4 ಕಥೆಯಿಂದ ಅಲ್ಲ.

ನಿಗದಿಗಿಂತ ಹೆಚ್ಚು ಹಿಡಿದ ಸಮಯಕ್ಕೆ ಕಂಪನಿಯ ವಾರಂಟಿ ವಿಭಾಗ ಇನ್ನೂ ತಕರಾರು ತೆಗೆಯುತ್ತದೆ. ತುಕ್ಕು ಹಿಡಿದ ಬೋಲ್ಟ್‌ನ ಫೋಟೋ, ಕಟ್ ಮಾಡಿದ ತುಂಡಿನ ಫೋಟೋ, ಕಾರಣ ಬರೆದ ಎರಡು ಸಾಲು ಕಳಿಸುತ್ತೇನೆ. ಕೆಲವು ಕ್ಲೇಮ್ ಪಾಸ್ ಆಗುತ್ತವೆ. ಆಗದ್ದನ್ನು ವರ್ಕ್‌ಶಾಪ್ ಖರ್ಚಿಗೆ ಬರೆಯುತ್ತೇವೆ, ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಅದರ ಬಗ್ಗೆ ಮತ್ತೆ ಚರ್ಚೆ ಆಗುತ್ತದೆ.